ಡಿಗ್ರಿ ಬೇರೆ, ಲೈಸೆನ್ಸ್ ಬೇರೆ

ಓದುಗರ ಪತ್ರ: ನಾನು ಸೇಡಂ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಟೀಚರ್. ಮಗಳು ಕಲಬುರಗಿಯಲ್ಲಿ ಎರಡನೇ ಪಿಯು ಓದುತ್ತಿದ್ದಾಳೆ, ಪಿಸಿಎಂಬಿ. ಪೈಲಟ್ ಆಗಬೇಕು ಅಂತ ಹಠ. ಮೊನ್ನೆ ಒಬ್ಬ ಏಜೆಂಟ್ ಮನೆಗೆ ಬಂದಿದ್ದರು. ಮೂರು ವರ್ಷದ ಏವಿಯೇಷನ್ ಡಿಗ್ರಿಗೆ 9 ಲಕ್ಷ, ಮುಗಿದ ಕೂಡಲೇ ಏರ್‌ಲೈನ್ಸ್‌ನಲ್ಲಿ ಪೈಲಟ್ ಕೆಲಸ ಅಂದರು. ಅಮೆರಿಕದಲ್ಲೂ ಯೂನಿವರ್ಸಿಟಿಯಿಂದ ನೇರ ಏರ್‌ಲೈನ್ಸ್‌ಗೇ ಹೋಗುತ್ತಾರಂತೆ. 15 ದಿನದಲ್ಲಿ ಅಡ್ವಾನ್ಸ್ ಕಟ್ಟಬೇಕು. ನಮ್ಮ ಮನೆಯವರು 2 ಎಕರೆ ತೊಗರಿ ಹೊಲ ಮಾರೋಣ ಅಂತಿದ್ದಾರೆ. ಬಂಧುಗಳು ಹೆಣ್ಣುಮಗುವಿಗೆ ಇದೆಲ್ಲ ಯಾಕೆ ಅಂತಾರೆ. ಏನು ಮಾಡಲಿ? ಹೆಸರು ಹಾಕಬೇಡಿ.

ಉತ್ತರ:

ಅಕ್ಕೋರೆ, ನಮಸ್ಕಾರ. ಅಡ್ವಾನ್ಸ್ ಕಟ್ಟಬೇಡಿ. ಹೊಲ ಮಾರಬೇಡಿ. ಮೊದಲು ಇಷ್ಟು ಹೇಳಿಬಿಡುತ್ತೇನೆ, ಯಾಕೆಂದರೆ ಈ ಸಂಚಿಕೆ ನಿಮ್ಮ ಕೈಗೆ ಬರುವಾಗ ಆ 15 ದಿನದಲ್ಲಿ ಎಷ್ಟು ಉಳಿದಿರುತ್ತೋ ಗೊತ್ತಿಲ್ಲ. ಮಗಳ ಆಸೆಗೆ ನಾನು ಅಡ್ಡ ಬರುತ್ತಿಲ್ಲ. ಅವಳು ಪೈಲಟ್ ಆಗಬಹುದು. ಆದರೆ ಆ ದಾರಿ ಏಜೆಂಟ್ ತೋರಿಸಿದ ಬಾಗಿಲಿನಿಂದ ಶುರುವಾಗುವುದಿಲ್ಲ.

ನಮ್ಮ ದೇಶದಲ್ಲಿ ವಿಮಾನ ಹಾರಿಸಲು ಬೇಕಾದದ್ದು ಡಿಗ್ರಿ ಅಲ್ಲ, ಲೈಸೆನ್ಸ್. ಅದನ್ನು ಕೊಡುವುದು ಯಾವ ಯೂನಿವರ್ಸಿಟಿಯೂ ಅಲ್ಲ, ಕೇಂದ್ರ ಸರ್ಕಾರದ ನಾಗರಿಕ ವಿಮಾನಯಾನ ನಿರ್ದೇಶನಾಲಯ. ಎಲ್ಲರೂ ಅದನ್ನು ಡಿಜಿಸಿಎ ಅಂತಾರೆ. ಸಂಬಳಕ್ಕೆ ಹಾರಿಸಬೇಕಾದರೆ ಕಮರ್ಷಿಯಲ್ ಪೈಲಟ್ ಲೈಸೆನ್ಸ್, ಅಂದರೆ ಸಿಪಿಎಲ್ ಬೇಕು. ಅದಕ್ಕೆ 18 ವರ್ಷ ತುಂಬಿರಬೇಕು. ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಇರಬೇಕು. ಆರೋಗ್ಯ ತಪಾಸಣೆ ಮತ್ತು ಪರೀಕ್ಷೆಗಳಲ್ಲಿ ಪಾಸಾಗಬೇಕು. 200 ಗಂಟೆ ಹಾರಾಟ ಮುಗಿಸಬೇಕು. ಅದರಲ್ಲಿ 100 ಗಂಟೆ ವಿಮಾನದ ಜವಾಬ್ದಾರಿ ಪೂರ್ತಿ ಅವಳದೇ ಆಗಿರಬೇಕು. ಈ ಪಟ್ಟಿಯಲ್ಲಿ ಬಿಬಿಎ, ಬಿಎಸ್ಸಿ ಎಲ್ಲೂ ಇಲ್ಲ ನೋಡಿ.

ಈಗ ಒಂದು ಲೆಕ್ಕ ಹಾಕೋಣ. ಮಕ್ಕಳಿಗೆ ಲೆಕ್ಕ ಕಲಿಸುವವರು ನೀವು. ಒಂದು ಗಂಟೆ ಹಾರಾಟಕ್ಕೆ ಪೆಟ್ರೋಲು, ವಿಮಾನ, ಇನ್‌ಸ್ಟ್ರಕ್ಟರ್ ಎಲ್ಲಾ ಸೇರಿ ಕಡಿಮೆ ಅಂದರೂ 15 ಸಾವಿರ ಅಂತ ಹಿಡಿಯಿರಿ. 200 ಗಂಟೆಗೆ 30 ಲಕ್ಷ ಆಯಿತು. ಹಾಗಾದರೆ 9 ಲಕ್ಷದಲ್ಲಿ ಹಾರಾಟ ಎಲ್ಲಿಂದ ಬರಬೇಕು? ಆ ಏಜೆಂಟರನ್ನು ಒಂದೇ ಪ್ರಶ್ನೆ ಕೇಳಿ: ಈ ಫೀಸಿನಲ್ಲಿ ಎಷ್ಟು ಗಂಟೆ ಹಾರಾಟ ಇದೆ, ಡಿಜಿಸಿಎ ಒಪ್ಪಿಗೆ ಇರುವ ಯಾವ ತರಬೇತಿ ಶಾಲೆಯಲ್ಲಿ? ಉತ್ತರವನ್ನು ಕಾಗದದ ಮೇಲೆ ಬರೆಸಿಕೊಳ್ಳಿ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನನ್ನ ಅಕ್ಕನ ಮಗ ಇದೇ ರೀತಿ ಬೆಂಗಳೂರಿನ ಒಂದು ಕಾಲೇಜಿಗೆ ಸೇರಿದ್ದ. ಬ್ರೋಷರ್ ಮೇಲೆ ಕಾಕ್‌ಪಿಟ್‌ನ ಫೋಟೋ ಇತ್ತು. ಒಂದು ವರ್ಷ ಕಳೆದ ಮೇಲೆ ಹಾರಾಟ ಯಾವಾಗ ಅಂತ ಕೇಳಿದ. ಇದು ಏರ್‌ಪೋರ್ಟ್ ಮ್ಯಾನೇಜ್‌ಮೆಂಟ್ ಕೋರ್ಸ್, ಹಾರಾಟ ನೀವೇ ಹೊರಗೆ ಮಾಡಿಕೊಳ್ಳಬೇಕು ಅಂದರು. ಅಷ್ಟರಲ್ಲಿ ಅಕ್ಕನ ಬಂಗಾರ ಬ್ಯಾಂಕಿನಲ್ಲಿತ್ತು. ಈಗ ಅವನು ವಿಮಾನ ನಿಲ್ದಾಣದ ಚೆಕ್-ಇನ್ ಕೌಂಟರ್‌ನಲ್ಲಿ ಕೆಲಸ ಮಾಡುತ್ತಾನೆ. ಒಳ್ಳೆಯ ಕೆಲಸ, ಮನಸ್ಸಿಟ್ಟು ಮಾಡುತ್ತಾನೆ. ಆದರೆ ಅವನು ಕೇಳಿದ್ದು ಅದಲ್ಲ. ಮ್ಯಾಥ್ಸ್‌ನಲ್ಲಿ ನೂರಕ್ಕೆ ತೊಂಬತ್ತರ ಮೇಲೆ ತೆಗೆದ ಹುಡುಗ. ಸರಿಯಾದ ಮಾತು ಹೇಳುವವರು ಆವತ್ತು ಒಬ್ಬರೂ ಇರಲಿಲ್ಲ. ನನಗೂ ಆಗ ಗೊತ್ತಿರಲಿಲ್ಲ. ಅದು ಇವತ್ತಿಗೂ ನೋಯುತ್ತದೆ.

ಎಲ್ಲಾ ಏವಿಯೇಷನ್ ಡಿಗ್ರಿಯೂ ಸುಳ್ಳು ಅಂತ ತಿಳಿಯಬೇಡಿ. ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನಲ್ಲಿ ಕೇಂದ್ರ ಸರ್ಕಾರದ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿ ಇದೆ. ಅಲ್ಲಿ ಸಿಪಿಎಲ್ ಜೊತೆಗೆ ಬಿಎಸ್ಸಿಯನ್ನೂ ಓದಬಹುದು. ಪ್ರವೇಶ ಪರೀಕ್ಷೆ ಬರೆದು ಸೇರಬೇಕು. ಅಲ್ಲಿ ಹಾರಾಟ ಮುಖ್ಯ, ಡಿಗ್ರಿ ಅದರ ಜೊತೆಗೆ ಬರುತ್ತದೆ.

ಅಮೆರಿಕದ ಮಾತಿಗೆ ಬರುತ್ತೇನೆ. ಏಜೆಂಟ್ ಹೇಳಿದ್ದರಲ್ಲಿ ಅರ್ಧ ನಿಜ ಇದೆ, ಅದಕ್ಕೇ ಅದು ಜಾಸ್ತಿ ಅಪಾಯ. 2009ರ ಫೆಬ್ರವರಿಯಲ್ಲಿ ಬಫಲೋ ಊರಿನ ಹತ್ತಿರ ಕೋಲ್ಗನ್ ಏರ್ ಕಂಪನಿಯ ವಿಮಾನ ಬಿದ್ದು 50 ಜನ ಸತ್ತರು. ಆಮೇಲೆ ಅಲ್ಲಿ ಕಾನೂನು ಬದಲಾಯಿತು. 2013ರಿಂದ ಏರ್‌ಲೈನ್ಸ್‌ನಲ್ಲಿ ಕೋ-ಪೈಲಟ್ ಆಗಲೂ 1500 ಗಂಟೆ ಹಾರಾಟ ಬೇಕು. ಒಪ್ಪಿಗೆ ಪಡೆದ ಯೂನಿವರ್ಸಿಟಿಯಲ್ಲಿ ನಾಲ್ಕು ವರ್ಷದ ಏವಿಯೇಷನ್ ಡಿಗ್ರಿ ಮಾಡಿ, ಹಾರಾಟವನ್ನೂ ಅಲ್ಲೇ ಕಲಿತವರಿಗೆ 500 ಗಂಟೆ ರಿಯಾಯಿತಿ. ಅವರಿಗೆ 1000 ಗಂಟೆ ಸಾಕು. ಅಲ್ಲಿ ಡಿಗ್ರಿಗೆ ಬೆಲೆ ಬಂದದ್ದು ಈ ಕಾರಣಕ್ಕೆ. ಹಾಗಿದ್ದರೂ ಡಿಗ್ರಿ ಮುಗಿಯುವಾಗ ಹುಡುಗರ ಕೈಯಲ್ಲಿ 1000 ಗಂಟೆ ಇರುವುದಿಲ್ಲ. ಹೆಚ್ಚಿನವರು ಅದೇ ಯೂನಿವರ್ಸಿಟಿಯಲ್ಲಿ ಇನ್‌ಸ್ಟ್ರಕ್ಟರ್ ಆಗಿ, ಹೊಸಬರಿಗೆ ಕಲಿಸುತ್ತಾ ಗಂಟೆ ಕೂಡಿಸುತ್ತಾರೆ. ನೇರ ಏರ್‌ಲೈನ್ಸ್ ಅನ್ನುವುದು ಅಲ್ಲೂ ಇಲ್ಲ.

ನಮ್ಮಲ್ಲಿ ಆ 1500 ಗಂಟೆಯ ನಿಯಮ ಕೋ-ಪೈಲಟ್‌ಗೆ ಇಲ್ಲ. ಹಾಗಾಗಿ ಅಲ್ಲಿನ ರಿಯಾಯಿತಿಯಿಂದ ಇಲ್ಲಿ ಏನೂ ಉಪಯೋಗವಿಲ್ಲ. ಅಲ್ಲಿ ಲೈಸೆನ್ಸ್ ತೆಗೆದುಕೊಂಡು ಬಂದರೂ ಇಲ್ಲಿ ಡಿಜಿಸಿಎ ಪರೀಕ್ಷೆ, ಮೆಡಿಕಲ್ ಮುಗಿಸಿ ಅದನ್ನು ಭಾರತದ ಲೈಸೆನ್ಸ್ ಆಗಿ ಬದಲಾಯಿಸಿಕೊಳ್ಳಲೇಬೇಕು. ಇನ್ನೊಂದು ವಿಷಯ. ನಮ್ಮ ಕಡೆ ತಂದೆತಾಯಿ ಯಾವ ಕೋರ್ಸ್ ಅಂದರೂ ಕಲ್ಯಾಣ ಕರ್ನಾಟಕದವರಿಗಿರುವ 371ಜೆ ಮೀಸಲಾತಿ ಇದೆಯಾ ಅಂತ ಮೊದಲು ಕೇಳುತ್ತಾರೆ. ಲೈಸೆನ್ಸಿಗೂ ಏರ್‌ಲೈನ್ಸ್ ಕೆಲಸಕ್ಕೂ ಅದು ಅನ್ವಯಿಸುವುದಿಲ್ಲ. ಅದರ ಹೆಸರು ಹೇಳಿ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ವೈದ್ಯರಿಂದ.

ಇದು ಬಹಳ ಜನ ತಲೆಕೆಳಗು ಮಾಡಿಕೊಳ್ಳುವ ಜಾಗ. ಮೊದಲು ಲಕ್ಷಗಟ್ಟಲೆ ಕಟ್ಟುತ್ತಾರೆ, ಆಮೇಲೆ ಮೆಡಿಕಲ್‌ಗೆ ಹೋಗುತ್ತಾರೆ. ನೀವು ಮೊದಲು ಮೆಡಿಕಲ್ ಮಾಡಿಸಿ. ಡಿಜಿಸಿಎ ಪಟ್ಟಿಯಲ್ಲಿರುವ ವೈದ್ಯರ ಹತ್ತಿರ ಮೊದಲು ಕ್ಲಾಸ್ 2 ತಪಾಸಣೆ. ಅದು ಪಾಸಾದರೆ ಕ್ಲಾಸ್ 1. ಸಿಪಿಎಲ್‌ಗೆ ಕ್ಲಾಸ್ 1 ಬೇಕೇ ಬೇಕು. ಬೆಂಗಳೂರಿನಲ್ಲಿ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲಿ ಇದನ್ನು ಮಾಡುತ್ತಾರೆ. ಕಣ್ಣು, ಕಿವಿ, ಇಸಿಜಿ, ರಕ್ತ, ಎಕ್ಸ್‌ರೇ ಎಲ್ಲಾ ನೋಡುತ್ತಾರೆ. ಕನ್ನಡಕ ಇದ್ದರೆ ಹೆದರಬೇಕಿಲ್ಲ, ಕನ್ನಡಕ ಹಾಕಿದಾಗ ದೃಷ್ಟಿ ಸರಿಯಾಗಿದ್ದರೆ ಆಯಿತು. ಬಣ್ಣ ಗುರುತಿಸುವುದರಲ್ಲಿ ತೊಂದರೆ ಇದ್ದರೆ ಮಾತ್ರ ಅದು ದೊಡ್ಡ ಅಡ್ಡಿ. ಅದನ್ನು ಕಲಬುರಗಿಯ ಯಾವುದೇ ಕಣ್ಣಿನ ಡಾಕ್ಟರ್ ಹತ್ತು ನಿಮಿಷದಲ್ಲಿ ನೋಡಿ ಹೇಳುತ್ತಾರೆ. ಈ ವಾರವೇ ತೋರಿಸಿ. ಒಂದು ಎಕರೆಯನ್ನೂ ಮಾರದೆ ತಿಳಿಯುವ ವಿಷಯ ಇದು.

ಎರಡನೆಯದು ಪರೀಕ್ಷೆ. ನ್ಯಾವಿಗೇಷನ್, ಹವಾಮಾನ, ವಾಯು ನಿಯಮಗಳು, ವಿಮಾನದ ಟೆಕ್ನಿಕಲ್ ವಿಷಯ, ಇದರ ಜೊತೆಗೆ ರೇಡಿಯೋದಲ್ಲಿ ಮಾತಾಡುವ ಲೈಸೆನ್ಸಿನ ಪರೀಕ್ಷೆ. ಡಿಜಿಸಿಎ ಪೇಪರುಗಳಲ್ಲಿ ಪಾಸಾಗಲು ನೂರಕ್ಕೆ 70 ಅಂಕ ಬೇಕು. ಮೊದಲು ಡಿಜಿಸಿಎಯಲ್ಲಿ ಕಂಪ್ಯೂಟರ್ ನಂಬರ್, ಅಂದರೆ ಪರೀಕ್ಷೆ ಬರೆಯುವವರಿಗೆ ಕೊಡುವ ಗುರುತಿನ ಸಂಖ್ಯೆ ತೆಗೆಯಬೇಕು. ಅದಕ್ಕೆ ಹತ್ತನೇ ಕ್ಲಾಸ್, ಪಿಯುಸಿ ಅಂಕಪಟ್ಟಿಗಳ ದೃಢೀಕರಣ ಬೇಕು. ಎಸ್‌ಎಸ್‌ಎಲ್‌ಸಿ ಕಾರ್ಡ್, ಆಧಾರ್, ಪಾಸ್‌ಪೋರ್ಟ್ ಮೂರರಲ್ಲೂ ಹೆಸರು, ಇನಿಷಿಯಲ್ ಒಂದೇ ಥರ ಇರಲಿ. ನಮ್ಮ ಕಡೆ ಒಂದರಲ್ಲಿ ಅಡ್ಡಹೆಸರು ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ಶಾಲೆಯ ದಾಖಲಾತಿ ನೋಡುವ ನಿಮಗೆ ಈ ಪಾಡು ನಾನು ಹೇಳಬೇಕಾಗಿಲ್ಲ. ಪೇಪರುಗಳೆಲ್ಲ ಇಂಗ್ಲಿಷ್‌ನಲ್ಲೇ ಇರುತ್ತವೆ. ಪುಸ್ತಕ ಕೊಂಡು ಮನೆಯಲ್ಲೇ ಓದುವವರಿದ್ದಾರೆ, ಕೋಚಿಂಗ್‌ಗೆ ಹೋಗುವವರೂ ಇದ್ದಾರೆ. ಎರಡರ ಖರ್ಚೂ ಹಾರಾಟದ ಮುಂದೆ ಬಹಳ ಚಿಕ್ಕದು. ಎರಡು ಮೂರು ಪೇಪರ್ ಪಾಸಾದರೆ ಅವಳ ಹಠ ಎಷ್ಟು ಗಟ್ಟಿ ಅಂತ ನಿಮಗೂ ಅವಳಿಗೂ ತಿಳಿಯುತ್ತದೆ.

ಹಾರಾಟ ಮೂರನೆಯದು. ದೊಡ್ಡ ದುಡ್ಡು ಇಲ್ಲಿ. ಸಿಪಿಎಲ್ ಮುಗಿಯುವಾಗ ಒಟ್ಟು ಖರ್ಚು ಅರ್ಧ ಕೋಟಿಯ ಆಸುಪಾಸಿಗೆ ಹೋಗುತ್ತದೆ. ಇದಕ್ಕೆ ದೂರ ಹೋಗಬೇಕಾಗಿಲ್ಲ ಅನ್ನುವುದು ನಮ್ಮ ಪಾಲಿಗೆ ಹೊಸ ವಿಷಯ. 2019ರ ನವೆಂಬರ್ 22ರಂದು ಶ್ರೀನಿವಾಸ ಸರಡಗಿಯಲ್ಲಿ ಕಲಬುರಗಿ ವಿಮಾನ ನಿಲ್ದಾಣ ಶುರುವಾಯಿತಲ್ವಾ? 2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರ ದೇಶದ ಐದು ನಿಲ್ದಾಣಗಳಲ್ಲಿ ಪೈಲಟ್ ತರಬೇತಿ ಶಾಲೆಗಳಿಗೆ ಜಾಗ ಕೊಟ್ಟಿತು. ಬೆಳಗಾವಿ, ಜಲಗಾಂವ್, ಖಜುರಾಹೊ, ಲೀಲಾಬಾರಿ, ಐದನೆಯದು ನಮ್ಮ ಕಲಬುರಗಿ. ಮಳೆಮೋಡದ ಕಾಟ ಕಡಿಮೆ, ಆಕಾಶದಲ್ಲಿ ಬೇರೆ ವಿಮಾನಗಳ ಗದ್ದಲ ಕಡಿಮೆ ಅಂತ ಈ ಜಾಗಗಳನ್ನು ಆರಿಸಿದರು. ನಾವು ಬೈಯುವ ಬಿಸಿಲೇ ಇಲ್ಲಿ ಉಪಯೋಗಕ್ಕೆ ಬಂತು.

ಯಾವ ಶಾಲೆಯೇ ಆಗಲಿ, ಕಚೇರಿಯಲ್ಲಿ ಚಹಾ ಕುಡಿದು ವಾಪಸ್ ಬರಬೇಡಿ. ವಿಮಾನ ನಿಲ್ಲಿಸುವ ಶೆಡ್ಡಿಗೆ, ಅಂದರೆ ಹ್ಯಾಂಗರ್‌ಗೆ ಹೋಗಿ. ಹಾರುವ ಸ್ಥಿತಿಯಲ್ಲಿ ಎಷ್ಟು ವಿಮಾನ ಇವೆ, ಎಷ್ಟು ವಿದ್ಯಾರ್ಥಿಗಳು, ಎಷ್ಟು ಇನ್‌ಸ್ಟ್ರಕ್ಟರ್ ಅಂತ ಕೇಳಿ. ಕಲಿಯುತ್ತಿರುವ ಹುಡುಗರನ್ನು ಹೊರಗೆ ಕಂಡು, ಕಳೆದ ತಿಂಗಳು ಎಷ್ಟು ಗಂಟೆ ಹಾರಿದಿರಿ ಅಂತ ವಿಚಾರಿಸಿ. ಒಂದು ವರ್ಷ ಅಂತ ಹೇಳಿದ ಕೋರ್ಸ್ ಎರಡು ವರ್ಷ ದಾಟುವುದು ಇಲ್ಲೇ. ವಿಮಾನ ರಿಪೇರಿಗೆ ನಿಂತಿರುತ್ತದೆ, ಇನ್‌ಸ್ಟ್ರಕ್ಟರ್ ಬಿಟ್ಟು ಹೋಗಿರುತ್ತಾರೆ, ಹಾಸ್ಟೆಲ್ ಬಿಲ್ ಮಾತ್ರ ನಿಲ್ಲುವುದಿಲ್ಲ. 2025ರಿಂದ ಡಿಜಿಸಿಎ ತರಬೇತಿ ಶಾಲೆಗಳಿಗೆ ಶ್ರೇಣಿ ಕೊಡಲು ಶುರು ಮಾಡಿದೆ, ಅದನ್ನೂ ನೋಡಿ. ಫೀಸನ್ನು ಒಂದೇ ಸಲ ಕಟ್ಟಬೇಡಿ. ಹಾರಿದಷ್ಟಕ್ಕೆ ಕಂತು ಅಂತ ಮಾತಾಡಿ.

ಸಾಲದ ವಿಷಯದಲ್ಲಿ ನಿಮ್ಮ ಮನೆಯವರು ಹೊಲ ಮಾರುವ ಮಾತಾಡಿದ್ದು ಯಾಕೆ ಅಂತ ನನಗೆ ಅರ್ಥವಾಗುತ್ತದೆ. ಏಳೂವರೆ ಲಕ್ಷ ದಾಟಿದ ಶಿಕ್ಷಣ ಸಾಲಕ್ಕೆ ಸಾಮಾನ್ಯವಾಗಿ ಬ್ಯಾಂಕುಗಳು ಅಡಮಾನ ಕೇಳುತ್ತವೆ. ಸಾಲ ಕಟ್ಟದವರ ಆಸ್ತಿಯನ್ನು ಬ್ಯಾಂಕು ಹಿಡಿದುಕೊಳ್ಳಲು ಇರುವ ಸರ್ಫೇಸಿ ಕಾಯ್ದೆಯಲ್ಲಿ ಕೃಷಿ ಜಮೀನನ್ನು ಜಪ್ತಿ ಮಾಡಲು ಬರುವುದಿಲ್ಲ. ಹಾಗಾಗಿ ಪಹಣಿ ತೋರಿಸಿದರೆ ಎಷ್ಟೋ ಬ್ಯಾಂಕಿನವರು ಒಪ್ಪುವುದಿಲ್ಲ, ಮನೆಯೋ ಎನ್‌ಎ (ಕೃಷಿಯೇತರ) ಪ್ಲಾಟೋ ಕೇಳುತ್ತಾರೆ. ಆದರೂ ನಿಮ್ಮ ಸಂಬಳ ಬರುವ ಬ್ಯಾಂಕಿನಲ್ಲೇ ಮೊದಲು ಕೇಳಿ. ಕಾಯಂ ನೌಕರಿ ಇರುವ ತಾಯಿ ಸಹ-ಸಾಲಗಾರರಾದರೆ ಅವರು ಕೂತು ಮಾತಾಡುತ್ತಾರೆ.

ಲೈಸೆನ್ಸ್ ಬಂದ ಮೇಲಿನ ಮಾತನ್ನು ಏಜೆಂಟ್ ಹೇಳಿರುವುದಿಲ್ಲ. ಸಿಪಿಎಲ್ ಇದ್ದರೂ ಏರ್‌ಬಸ್ 320 ಅಥವಾ ಎಟಿಆರ್ ಹಾರಿಸಲು ಆ ವಿಮಾನಕ್ಕೇ ಬೇರೆ ತರಬೇತಿ ಬೇಕು. ಟೈಪ್ ರೇಟಿಂಗ್ ಅಂತಾರೆ. ನೆಲದ ಮೇಲೇ ಇರುವ ಕಾಕ್‌ಪಿಟ್ ಮಾದರಿಯಲ್ಲಿ, ಅಂದರೆ ಸಿಮ್ಯುಲೇಟರ್‌ನಲ್ಲಿ ನಡೆಯುತ್ತದೆ, ಅದಕ್ಕೂ ಲಕ್ಷಗಟ್ಟಲೆ ಬೇಕು. ದೊಡ್ಡ ಏರ್‌ಲೈನ್ಸ್‌ಗಳ ಕೆಡೆಟ್ ಯೋಜನೆಗಳಲ್ಲಿ ಮೊದಲೇ ಪರೀಕ್ಷೆ ಮಾಡಿ ಆರಿಸಿಕೊಂಡು, ಸಿಪಿಎಲ್, ಟೈಪ್ ರೇಟಿಂಗ್ ಎರಡನ್ನೂ ಸೇರಿಸಿ ಕಲಿಸುತ್ತಾರೆ. ಖರ್ಚು ಜಾಸ್ತಿ, ಕೆಲಸದ ದಾರಿ ಸ್ವಲ್ಪ ಸ್ಪಷ್ಟ. 2023ರಲ್ಲಿ ಇಂಡಿಗೋ 500, ಏರ್ ಇಂಡಿಯಾ 470 ವಿಮಾನಗಳಿಗೆ ಆರ್ಡರ್ ಕೊಟ್ಟವು ಅಂತ ಎಲ್ಲರೂ ಹೇಳುತ್ತಾರೆ, ಅದು ನಿಜ. ಅದೇ 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ನಿಂತಿತು. 2019ರಲ್ಲಿ ಜೆಟ್ ಏರ್‌ವೇಸ್ ನಿಂತಿತ್ತು. ಆಗೆಲ್ಲ ಸಾವಿರಾರು ಗಂಟೆ ಹಾರಿದ ಅನುಭವಿಗಳು ಕೆಲಸ ಹುಡುಕುವಾಗ 200 ಗಂಟೆಯ ಹೊಸಬರು ಕಾಯಬೇಕಾಗುತ್ತದೆ. ಆರು ತಿಂಗಳೂ ಆಗಬಹುದು, ಎರಡು ವರ್ಷವೂ ಆಗಬಹುದು. ಆ ಕಾಲದಲ್ಲಿ ಸಾಲದ ಕಂತು ಕಟ್ಟುವ ಶಕ್ತಿ ಮನೆಗೆ ಇರಬೇಕು. ಹೊಲ ಉಳಿಯಲಿ ಅಂತ ನಾನು ಹೇಳುವುದು ಇದಕ್ಕೇ.

ಡಿಗ್ರಿ ಬೇಡವೇ ಬೇಡ ಅಂತಲ್ಲ. ಒಂದು ಸಾದಾ ಬಿಎಸ್ಸಿಯನ್ನು ಕಲಬುರಗಿಯಲ್ಲೇ ಮಾಡಲಿ, ಇಲ್ಲವೇ ದೂರಶಿಕ್ಷಣದಲ್ಲಿ ಮಾಡಲಿ. ಪೈಲಟ್‌ಗಳ ಮೆಡಿಕಲ್ ಮತ್ತೆ ಮತ್ತೆ ನಡೆಯುತ್ತದೆ. ಮುಂದೆ ಯಾವತ್ತಾದರೂ ಅದು ಕೈಕೊಟ್ಟರೆ ಕೈಯಲ್ಲಿ ಒಂದು ಓದು ಇರಬೇಕು.

ದುಡ್ಡಿಲ್ಲದ ದಾರಿಯೂ ಒಂದಿದೆ. ಅದು ವಾಯುಪಡೆಯ ದಾರಿ, ನಮ್ಮ ಬೀದರ್‌ನ ತರಬೇತಿ ನೆಲೆಯ ಮೇಲೇ ಹಾದುಹೋಗುತ್ತದೆ. 2022ರಿಂದ ಎನ್‌ಡಿಎಗೆ, ಅಂದರೆ ಸೇನೆಯ ಅಧಿಕಾರಿಗಳನ್ನು ತಯಾರು ಮಾಡುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ ಹೆಣ್ಣುಮಕ್ಕಳನ್ನೂ ತೆಗೆದುಕೊಳ್ಳುತ್ತಿದ್ದಾರೆ. ಹದಿನಾರೂವರೆಯಿಂದ ಹತ್ತೊಂಬತ್ತೂವರೆ ವಯಸ್ಸು. ಯುಪಿಎಸ್‌ಸಿ ವರ್ಷಕ್ಕೆ ಎರಡು ಸಲ ಪರೀಕ್ಷೆ ನಡೆಸುತ್ತದೆ. ಅವಳ ಪಿಸಿಎಂಬಿ ಅದಕ್ಕೆ ಸರಿಹೊಂದುತ್ತದೆ. ತರಬೇತಿಗೆ ಒಂದು ರೂಪಾಯಿ ಫೀಸಿಲ್ಲ. ವಾಯುಪಡೆ ಬೇರೆಯೇ ಜೀವನ, ಏರ್‌ಲೈನ್ಸ್‌ಗೆ ಮೆಟ್ಟಿಲು ಅಂತ ಮಾತ್ರ ಅದನ್ನು ನೋಡಬಾರದು. ಆದರೆ ಅವಳಿಗೆ ಬೇಕಾದದ್ದು ಹಾರಾಟ ಅಂತಾದರೆ ಈ ಅರ್ಜಿ ಹಾಕದೆ ಬಿಡಬೇಡಿ.

ಬಂಧುಗಳ ಮಾತಿಗೆ ಹೆಚ್ಚು ಹೇಳುವುದಿಲ್ಲ. 2016ರಲ್ಲಿ ದೇಶದ ಮೊದಲ ಮೂವರು ಯುದ್ಧವಿಮಾನ ಮಹಿಳಾ ಪೈಲಟ್‌ಗಳು ಹಾಕ್ ವಿಮಾನದಲ್ಲಿ ಮುಂದಿನ ತರಬೇತಿಗೆ ಬಂದದ್ದು ಬೀದರ್‌ಗೆ. ಅದಕ್ಕೂ ಬಹಳ ಹಿಂದೆ, 1947ರಲ್ಲಿ ಕಮರ್ಷಿಯಲ್ ಲೈಸೆನ್ಸ್ ಪಡೆದ ಪ್ರೇಮ್ ಮಾಥುರ್ ಎಂಬ ಹೆಣ್ಣುಮಗಳಿಗೆ ಕೋ-ಪೈಲಟ್ ಕೆಲಸ ಕೊಟ್ಟದ್ದು ಹೈದರಾಬಾದಿನ ಡೆಕ್ಕನ್ ಏರ್‌ವೇಸ್. ಆ ಕಾಲದಲ್ಲಿ ಕಲಬುರಗಿ, ಬೀದರ್ ಎಲ್ಲಾ ಹೈದರಾಬಾದ್ ಸಂಸ್ಥಾನದಲ್ಲೇ ಇದ್ದವು.

ಪತ್ರದ ಕೊನೆಯಲ್ಲಿ ನಿಮ್ಮ ಮಗಳು ತನ್ನ ಕೈಯಲ್ಲೇ ಒಂದು ಸಾಲು ಬರೆದಿದ್ದಾಳೆ. ಸೇಡಂ ಬಸ್ಸಿನ ಕಿಟಕಿಯಿಂದ ನೋಡುವಾಗ ಪುಟ್ಟ ವಿಮಾನ ಇಳಿದ ಕೂಡಲೇ ನಿಲ್ಲದೆ ಮತ್ತೆ ಯಾಕೆ ಏರುತ್ತದೆ ಅಂತ. ಇದು ಅವಳಿಗೆ.

ಅವ್ವಾ, ಆ ವಿಮಾನದಲ್ಲಿ ನಿನಗಿಂತ ಒಂದೆರಡು ವರ್ಷ ದೊಡ್ಡವರು ಯಾರೋ ಇಳಿಯುವುದನ್ನು ಕಲಿಯುತ್ತಿರುತ್ತಾರೆ. ಹಾರಾಟದಲ್ಲಿ ಇಳಿಯುವುದೇ ಕಷ್ಟ. ಪ್ರತಿ ಸಲ ನಿಂತು, ಸುತ್ತಿ ಬಂದು ಹೊರಟರೆ ಒಂದು ಗಂಟೆಯಲ್ಲಿ ಕೆಲವೇ ಸಲ ಇಳಿಯಬಹುದು. ಅದಕ್ಕೆ ಚಕ್ರ ರನ್‌ವೇಗೆ ತಾಗಿದ ಮೇಲೆ ಎಂಜಿನ್‌ಗೆ ಪೂರ್ತಿ ಶಕ್ತಿ ಕೊಟ್ಟು ಹಾಗೇ ಏರುತ್ತಾರೆ. ಚೌಕದ ಥರ ಒಂದು ಸುತ್ತು ಹಾಕಿ ಮತ್ತೆ ಇಳಿಯುತ್ತಾರೆ. ವಿಮಾನ ಯಾವಾಗಲೂ ಗಾಳಿಗೆ ಎದುರಾಗಿ ಇಳಿಯಲು ನೋಡುತ್ತದೆ, ಆಗ ನೆಲದ ಮೇಲಿನ ವೇಗ ಕಡಿಮೆ ಇರುತ್ತದೆ. ನಾಳೆ ಬಸ್ಸಿನಲ್ಲಿ ಹೋಗುವಾಗ ಅದು ಯಾವ ದಿಕ್ಕಿಗೆ ಮುಖ ಮಾಡಿ ಇಳಿಯುತ್ತಿದೆ ಅಂತ ನೋಡು. ಆಮೇಲೆ ಹೊಲದಲ್ಲಿ ಒಂದು ಹಿಡಿ ಮಣ್ಣು ತೂರಿ ಗಾಳಿ ಎಲ್ಲಿಂದ ಬರುತ್ತಿದೆ ಅಂತ ನೋಡು. ಎರಡೂ ತಾಳೆ ಆಯಿತಾ ಇಲ್ಲವಾ ಅಂತ ನನಗೆ ಬರೆದು ತಿಳಿಸು.