ರೀವ್ ಎಂಬ ಅಡ್ಡಹೆಸರಿನ ಹಿಂದಿರುವ ಹುದ್ದೆ

ಪ್ರಶ್ನೆ: ಕನ್ನಡ ನಿಘಂಟುಗಳ ಚರಿತ್ರೆಯನ್ನು ಓದುವಾಗ ವಿಲಿಯಂ ರೀವ್ ಎಂಬ ಹೆಸರು ಕಂಡಿತು. ಸ್ಮಿತ್ ಎಂದರೆ ಕಮ್ಮಾರ, ಟೇಲರ್ ಎಂದರೆ ದರ್ಜಿ ಎಂದು ಬಲ್ಲೆ. ರೀವ್ ಎಂಬುದೂ ಕಸುಬಿನಿಂದ ಬಂದ ಅಡ್ಡಹೆಸರೇ? ನಮ್ಮ ಜಿಲ್ಲೆಯ ಶಾನಭಾಗ, ಹೆಗಡೆ ಎಂಬ ಅಡ್ಡಹೆಸರುಗಳಿಗೆ ಅದನ್ನು ಹೋಲಿಸಬಹುದೇ?
– ಓದುಗರೊಬ್ಬರು, ಶಿರಸಿ

ಉತ್ತರ: ಹೋಲಿಸಬಹುದು. ರೀವ್ ಎಂಬುದು ಕೈಕಸುಬಿನ ಹೆಸರಲ್ಲ, ಊರಾಡಳಿತದ ಹುದ್ದೆಯ ಹೆಸರು. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಪಾದ್ರಿಯಾಗಿದ್ದ ವಿಲಿಯಂ ರೀವ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು. ಅವರ ಅಡ್ಡಹೆಸರಿನ ಮೂಲ ಹಳೆಯ ಇಂಗ್ಲಿಷಿನ ‘ಗೆರೇಫ’. ಒಡೆಯನ ಪರವಾಗಿ ಆಡಳಿತ ನೋಡಿಕೊಳ್ಳುವವನೆಂದು ಅದರ ಅರ್ಥ. ಜಿಲ್ಲೆಯಂತಹ ಪ್ರದೇಶವಾದ ‘ಶೈರ್’ಗೆ ನೇಮಕವಾದ ಗೆರೇಫನೇ ಮುಂದೆ ‘ಶೆರಿಫ್’ ಆದನು. 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದ ನಮ್ಮ ಜಿಲ್ಲೆಯ ಹಿರಿಯರು ಮುಂಬಯಿ ಶೆರಿಫ್ ಎಂಬ ಪದವಿಯನ್ನು ಕೇಳಿಯೇ ಇರುತ್ತಾರೆ.

ಹದಿಮೂರನೆಯ ಶತಮಾನದ ಇಂಗ್ಲೆಂಡಿನ ಹಳ್ಳಿಗಳಲ್ಲಿ ರೀವ್ ಸಾಮಾನ್ಯವಾಗಿ ಜಮೀನುದಾರನ ಭೂಮಿಗೆ ಕಟ್ಟುಬಿದ್ದ ರೈತರಲ್ಲೇ ಒಬ್ಬನಾಗಿದ್ದ. ಅನೇಕ ಕಡೆ ರೈತರೇ ಅವನನ್ನು ವರ್ಷಕ್ಕೊಮ್ಮೆ, ಸುಗ್ಗಿ ಮುಗಿದ ಸೆಪ್ಟೆಂಬರ್ ಕೊನೆಯ ಹೊತ್ತಿಗೆ, ಆರಿಸುತ್ತಿದ್ದರು. ಒಡೆಯನ ಹೊಲದಲ್ಲಿ ಬಿಟ್ಟಿ ದುಡಿಮೆ ಸರಿಯಾಗಿ ನಡೆಯುವಂತೆ ನೋಡುವುದು, ಬೀಜ, ಬೆಳೆ, ದನಕರುಗಳ ಲೆಕ್ಕವಿಡುವುದು ಅವನ ಹೊಣೆ. ಓದುಬರಹ ಬಾರದ ಅವನು ಕೋಲಿನ ಮೇಲೆ ಕಚ್ಚುಗಳನ್ನು ಕೊರೆದು, ಕೋಲನ್ನು ಉದ್ದಕ್ಕೆ ಸೀಳಿ, ಒಂದು ಹೋಳನ್ನು ತಾನಿಟ್ಟುಕೊಂಡು ಇನ್ನೊಂದನ್ನು ವ್ಯವಹರಿಸಿದವನಿಗೆ ಕೊಡುತ್ತಿದ್ದ. ತಕರಾರು ಬಂದರೆ ಎರಡು ಹೋಳುಗಳನ್ನು ಜೋಡಿಸಿ ಕಚ್ಚುಗಳು ಕೂಡುತ್ತವೆಯೇ ಎಂದು ನೋಡಿದರಾಯಿತು. ವರ್ಷದ ಕೊನೆಗೆ ಗುಮಾಸ್ತನು ಇವನ್ನೆಲ್ಲ ಚರ್ಮದ ಸುರುಳಿಗೆ ಇಳಿಸುತ್ತಿದ್ದ, ತಪಾಸಣೆಯಲ್ಲಿ ಕೊರತೆ ಕಂಡರೆ ಅದು ರೀವ್‌ನ ತಲೆಗೇ ಬೀಳುತ್ತಿತ್ತು. ಕಂದಾಯದಲ್ಲಿ ರಿಯಾಯಿತಿ ಸಿಗುತ್ತಿದ್ದರೂ, ದಂಡ ತೆತ್ತಾದರೂ ಈ ಹುದ್ದೆಯಿಂದ ತಪ್ಪಿಸಿಕೊಂಡವರು ದಾಖಲೆಗಳಲ್ಲಿ ಸಿಗುತ್ತಾರೆ. ತನ್ನವರಿಂದಲೇ ದುಡಿಸಿ ಒಡೆಯನಿಗೆ ಉತ್ತರ ಹೇಳಬೇಕಾದವನ ಇಕ್ಕಟ್ಟನ್ನು ನೆನೆದರೆ ಇದರಲ್ಲಿ ಆಶ್ಚರ್ಯವಿಲ್ಲ.

ನಮ್ಮ ಶಾನಭಾಗರೊಡನೆ ಹೋಲಿಸುವಾಗ ಮುಖ್ಯ ವ್ಯತ್ಯಾಸ ಇಲ್ಲಿಯೇ ಇದೆ. ಶಾನುಭೋಗಿಕೆ ಬರವಣಿಗೆ ಬಲ್ಲವರ ವಂಶಪಾರಂಪರ್ಯದ ಅಧಿಕಾರವಾಗಿತ್ತು. ಹುದ್ದೆಯೂ ಹೆಸರೂ ತಂದೆಯಿಂದ ಮಗನಿಗೆ ಒಟ್ಟಿಗೇ ಇಳಿದವು. ಹೆಗಡೆಯ ಮೂಲವಾದ ‘ಪೆರ್ಗಡೆ’ಯೂ ಹಳಗನ್ನಡ ಶಾಸನಗಳಲ್ಲಿ ಅಧಿಕಾರಿಯ ಪದವಿಯೇ. ರೀವ್‌ನ ಹುದ್ದೆಯಾದರೋ ಮಗನಿಗೆ ಹೋಗಲೇಬೇಕೆಂದಿರಲಿಲ್ಲ. ಹಾಗಿದ್ದೂ ಹೆಸರು ಉಳಿದದ್ದಕ್ಕೆ ಎರಡು ಕಾರಣಗಳನ್ನು ಹೇಳಬಹುದು. ಕೆಲವೆಡೆ ಒಬ್ಬನೇ ಹಲವು ವರ್ಷ ರೀವ್ ಆಗಿರುತ್ತಿದ್ದ. ಅದಕ್ಕಿಂತ ಬಲವಾದದ್ದು, ಒಂದೇ ಹಳ್ಳಿಯಲ್ಲಿ ಜಾನ್, ವಿಲಿಯಂ ಎಂಬ ಹೆಸರಿನವರು ಅನೇಕರಿದ್ದುದು. ತೆರಿಗೆ ಬರೆಯುವವನಿಗೆ ‘ರೀವ್ ಜಾನ್’ ಎಂದು ಗುರುತಿಸುವುದು ಅನಿವಾರ್ಯವಾಗಿತ್ತು. ಸುಮಾರು 1400ರ ವೇಳೆಗೆ ಇಂಗ್ಲೆಂಡಿನ ಬಹುಭಾಗದಲ್ಲಿ ಇಂತಹ ಗುರುತುಗಳು ಮಕ್ಕಳಿಗೂ ಅಂಟಿ ಅಡ್ಡಹೆಸರುಗಳಾದವು.

ರೀವ್ಸ್ ಎಂದರೆ ರೀವ್‌ನ ಮಗ ಅಥವಾ ಅವನ ಮನೆಯ ಆಳು. ಸ್ಕಾಟ್ಲೆಂಡ್ ಮತ್ತು ಉತ್ತರ ಇಂಗ್ಲೆಂಡಿನಲ್ಲಿ ಇದೇ ಹುದ್ದೆ ಗ್ರೀವ್ ಎಂಬ ಅಡ್ಡಹೆಸರನ್ನು ಕೊಟ್ಟಿದೆ. ಆದರೆ ಕೆಲವು ರೀವ್ಸ್ ಮನೆತನಗಳ ಹೆಸರು ಕಾಡಿನ ಅಂಚಿನಲ್ಲಿ ವಾಸವಾಗಿದ್ದುದರಿಂದ ಬಂದದ್ದೆಂದು ವಿದ್ವಾಂಸರು ಹೇಳುವುದರಿಂದ, ಈ ಹೆಸರಿನವರೆಲ್ಲರ ಪೂರ್ವಜರೂ ಊರ ಲೆಕ್ಕ ನೋಡಿದವರೆಂದು ತಿಳಿಯುವಂತಿಲ್ಲ.