ಅಕ್ಕನ ಅಂಚೆ: ನಕ್ಕ ಮಾತು ಬರೆದಿಡಿ

ಪ್ರಶ್ನೆ: ಅಕ್ಕಾ, ನನಗೆ ನಗೆಬರಹ ಬರೆಯುವ ಆಸೆ. ಆದರೆ ನನ್ನ ದಿನ ಅಂದ್ರೆ ಒಲೆ, ಮಕ್ಕಳು, ಶಾಲೆ, ಮತ್ತೆ ಒಲೆ. ನಗುವಂಥದ್ದು ಏನೂ ನಡೆಯುವುದಿಲ್ಲ. ಎಲ್ಲಿಂದ ತರಲಿ?
- ಸಿಂಧನೂರಿನ ಓದುಗಿ

ಉತ್ತರ: ಎಲ್ಲಿಂದಲೂ ತರಬೇಕಿಲ್ಲ ತಂಗಿ. ಕೊಪ್ಪಳದಿಂದ ನಿಮ್ಮೂರಿಗೆ ಬರುವ ಬಸ್ಸು ಹತ್ತಿ ನೋಡಿ. 2023ರ ಜೂನ್ 11ರಂದು ಹೆಂಗಸರಿಗೆ ಬಸ್ಸು ಪುಕ್ಕಟೆ ಮಾಡಿದ ಶಕ್ತಿ ಯೋಜನೆ ಶುರುವಾದ ಮೇಲೆ ಆ ಬಸ್ಸಿನಲ್ಲಿ ಹೆಂಗಸರ ಮಾತೇ ಮಾತು. ಸಂತೆಗೆ ಹೊರಟವರು, ತವರಿಗೆ ಹೊರಟವರು, ಸುಮ್ನೆ ಮಗಳನ್ನು ನೋಡಿ ಬರೋಣ ಅಂತ ಹೊರಟವರು. ಮೊನ್ನೆ ಗಂಗಾವತಿ ದಾಟಿದ ಮೇಲೆ ಕಂಡಕ್ಟರ್ ಒಬ್ಬ ಅಜ್ಜಿಯ ಆಧಾರ್ ಕಾರ್ಡನ್ನು ಹಿಂದೆ ಮುಂದೆ ಮಾಡಿ ನೋಡಿದ. "ಫೋಟೋ ನಿಂದೇನಬೇ ಯಮ್ಮಾ?" ಅಂತ ಕೇಳಿದ. ಅಜ್ಜಿ ಹೇಳಿದಳು: "ನಂದಽ ಐತಪ್ಪ. ಅವತ್ತು ಸಾಲಿನ್ಯಾಗ ನಿಂತು ನಿಂತು ಸಿಟ್ಟು ಬಂದಿತ್ತು. ಇವತ್ತು ಸೀಟು ಸಿಕ್ಕೈತಿ, ಮಾರಿ ಬ್ಯಾರೆ ಕಾಣತೈತಿ." ಕಂಡಕ್ಟರ್ ನಗುತ್ತಲೇ ಟಿಕೆಟ್ ಹರಿದುಕೊಟ್ಟ.

ಇನ್ನೊಂದು ಜಾಗ ಹೇಳುತ್ತೇನೆ. ನಮ್ಮ ಕೊಪ್ಪಳದ ಪಕ್ಕದ ಭಾಗ್ಯನಗರ. ಹಿಂದಿನಿಂದ ಸೀರೆ ನೇಯುವ ಊರು, ಈಗ ಕೂದಲಿನ ಕೆಲಸಕ್ಕೂ ಹೆಸರಾಗಿದೆ. ಎಲ್ಲೆಲ್ಲಿಯದೋ ಬಾಚಣಿಗೆಗೆ ಸಿಕ್ಕಿದ ಕೂದಲು ಉಂಡೆ ಉಂಡೆಯಾಗಿ ಚೀಲದಲ್ಲಿ ಬರುತ್ತದೆ. ಹೆಂಗಸರು ನೆಲದ ಮೇಲೆ ಕೂತು ಅದರ ಸಿಕ್ಕು ಬಿಡಿಸುತ್ತಾರೆ. ಉದ್ದ ನೋಡಿ ಬೇರೆ ಮಾಡುತ್ತಾರೆ, ಕಟ್ಟು ಕಟ್ಟುತ್ತಾರೆ. ದಿನವಿಡೀ ಕತ್ತು ಬಗ್ಗಿಸಿಯೇ ಇರಬೇಕು. ಬಿಡುವಿರುವುದು ಬಾಯಿಗೆ ಮಾತ್ರ. ಅಲ್ಲಿ ಒಬ್ಬಾಕೆ ಒಂದು ಎಳೆ ಎಳೆಯುತ್ತಾ ಹೇಳಿದ್ದು ಇದು: "ಮನ್ಯಾಗ ಇಷ್ಟು ವರ್ಷ ಎಲ್ಲಾರ ಸಿಕ್ಕು ಬಿಡಿಸೀನ್ರಿ. ಯಾರೂ ಒಂದು ರೂಪಾಯಿ ಕೊಟ್ಟಿಲ್ಲ. ಇಲ್ಲಿ ಕೊಡ್ತಾರ." ಪಕ್ಕದಾಕೆ ಬಿಡಬೇಕಲ್ಲ, "ಹಂಗಾರ ಮನೀಗೆ ಹೋಗಬ್ಯಾಡ, ಇಲ್ಲೇ ಇರು" ಅಂದಳು. ಮೊದಲಿನಾಕೆ ಹೇಳಿದಳು: "ಒಂದಿನ ಹೋಗದಿದ್ರ ಅಲ್ಲಿ ಸಿಕ್ಕು ಹೆಚ್ಚಾಗತೈತಬೇ!"

ಆಕೆ ಜೋಕು ಹೇಳಲು ಹೊರಟಿರಲಿಲ್ಲ. ತನ್ನ ದುಡಿಮೆಯ ಲೆಕ್ಕ ಹೇಳಿದಳು, ಎಲ್ಲರೂ ನಕ್ಕರು. ಹೆಂಗಸರ ನಗೆ ಜಾಸ್ತಿ ಹೀಗೇ ಹುಟ್ಟುವುದು, ಕೈ ಕೆಲಸದಲ್ಲಿದ್ದಾಗ. ಅದಕ್ಕೇ ಬರೆಯುವಾಗ ಯಾರು ಹೇಳಿದರು ಅನ್ನುವುದರ ಜೊತೆ ಅವರ ಕೈಯಲ್ಲಿ ಏನಿತ್ತು ಅನ್ನುವುದನ್ನೂ ಬರೆಯಿರಿ. ಆ ಕೂದಲಿನ ಎಳೆ ತೆಗೆದುಬಿಟ್ಟರೆ ಆ ಮಾತು ಬರೀ ಗೊಣಗಾಟ ಆಗುತ್ತದೆ. ಅವರು ಹೇಳಿದ ಹಾಗೇ ಇಡಿ, ಪುಸ್ತಕದ ಭಾಷೆಗೆ ತಿದ್ದಬೇಡಿ. "ನಿಮ್ಮ ಮಾತು ಬರೀಲೇನು?" ಅಂತ ಒಂದು ಸಲ ಕೇಳಿ. ನಾನು ಕೇಳಿದಾಗ ಆಕೆ, "ಬರೀರಿ, ಆದ್ರ ಹೆಸರು ಬ್ಯಾಡ, ಮನ್ಯಾಗ ಓದ್ತಾರ" ಅಂದಳು. ನಿಮ್ಮ ಒಲೆಯ ಮುಂದೆಯೂ ಇಂಥ ಮಾತು ದಿನಾ ಬರುತ್ತಿರುತ್ತವೆ. ಶಾಲೆಯ ಗಡಿಬಿಡಿಯಲ್ಲಿ ಅವು ಕಿವಿಗೆ ಬೀಳದೆ ಹೋಗುತ್ತಿವೆ, ಅಷ್ಟೇ.

ಪ್ರಶ್ನೆ: ಮೊಬೈಲಿನಲ್ಲಿ ಬರುವ ಹೆಂಡತಿ ಜೋಕು ಓದಿ ನಾವು ಗೆಳೆಯರೆಲ್ಲ ನಗುತ್ತೇವೆ. ಮನೆಯವಳಿಗೆ ತೋರಿಸಿದರೆ ಮುಖ ಊದಿಸಿಕೊಳ್ಳುತ್ತಾಳೆ. ಹೆಂಗಸರಿಗೆ ಹಾಸ್ಯಪ್ರಜ್ಞೆ ಕಮ್ಮಿಯಾ?
- ಬಳ್ಳಾರಿಯ ಓದುಗರು

ಉತ್ತರ: ಕಮ್ಮಿ ಇಲ್ಲ ಅಣ್ಣಾ. ಆ ಜೋಕುಗಳಲ್ಲಿ ಹೆಂಡತಿ ಏನು ಮಾಡುತ್ತಾಳೆ ನೋಡಿ. ಸೀರೆ ಕೇಳುತ್ತಾಳೆ, ಲಟ್ಟಣಿಗೆ ಎತ್ತುತ್ತಾಳೆ. ಅದು ಬಿಟ್ಟರೆ ಬೇರೆ ಕೆಲಸವೇ ಇಲ್ಲ. ನಿಮ್ಮ ಮನೆಯವರು ಹಾಗಿದ್ದಾರಾ? ಬಳ್ಳಾರಿ ಬಿಸಿಲಲ್ಲಿ ನೀರು ಹಿಡಿದು, ಬುತ್ತಿ ಕಟ್ಟಿ, ಮಕ್ಕಳನ್ನು ಕಳಿಸಿ ಬಂದವರಿಗೆ ಅದನ್ನು ತೋರಿಸಿದರೆ ನಗು ಹೇಗೆ ಬಂದೀತು? ಅದರಲ್ಲಿ ಅವರೇ ಇಲ್ಲವಲ್ಲ. ಇವತ್ತು ರಾತ್ರಿ ಊಟಕ್ಕೆ ಕೂತಾಗ ಮೊಬೈಲು ಒಳಗಿಟ್ಟು, "ಇವತ್ತು ಯಾವುದಕ್ಕೆ ನಕ್ಕಿ?" ಅಂತ ಕೇಳಿ. ಉತ್ತರ ನಿಮ್ಮ ಬಗ್ಗೆಯೇ ಇರಬಹುದು. ಆಗ ನೀವೂ ನಗಬೇಕು.

ಪ್ರಶ್ನೆ: ಹಾಸ್ಯ ಬರೆದ ಹೆಂಗಸರು ಕನ್ನಡದಲ್ಲಿ ಇದ್ದಾರಾ ಮೇಡಂ?
- ಹೊಸಪೇಟೆ ರಸ್ತೆಯ ಕಾಲೇಜು ಹುಡುಗಿ, ಕೊಪ್ಪಳ

ಉತ್ತರ: ಇದ್ದಾರೆ, ಇವತ್ತು ನಿನ್ನೆಯಿಂದಲ್ಲ. 1942ರಲ್ಲಿ ರಾಶಿ (ಡಾ. ಎಂ. ಶಿವರಾಂ) ಅವರು 'ಕೊರವಂಜಿ' ಅನ್ನುವ ಹಾಸ್ಯ ಪತ್ರಿಕೆ ಶುರು ಮಾಡಿದರು. ಅದರಲ್ಲಿ ಬರೆದು ಹೆಸರಾದವರು ಟಿ. ಸುನಂದಮ್ಮ. ಮನೆ, ನೆಂಟರು, ನೆರೆಹೊರೆ ಇವೇ ಅವರ ವಸ್ತು. ನಿಮ್ಮ ಗ್ರಂಥಾಲಯದಲ್ಲಿ ಕೇಳಿ ಓದಿ.

ಪ್ರಶ್ನೆ: ಮಾರ್ಚ್ 8ಕ್ಕೆ ನಮ್ಮ ಶಾಲೆಯಲ್ಲಿ ನನ್ನ ಭಾಷಣ. ಮಕ್ಕಳಿಗೆ ಸ್ಫೂರ್ತಿ ಕೊಡುವ ದೊಡ್ಡ ದೊಡ್ಡ ಸಾಧಕಿಯರ ಹೆಸರು ಕೊಡಿ.
- ಲಿಂಗಸುಗೂರು ತಾಲ್ಲೂಕಿನ ಶಿಕ್ಷಕಿ

ಉತ್ತರ: ಟೀಚರೇ, ನಿಮ್ಮ ತಾಲ್ಲೂಕಿನಲ್ಲೇ ಗುರುಗುಂಟಾ ಅಮರೇಶ್ವರ ಇದೆ. ಆಯ್ದಕ್ಕಿ ಲಕ್ಕಮ್ಮ ಅಲ್ಲಿಯವರು. 12ನೇ ಶತಮಾನದ ಶರಣೆ. ಗಂಡ ಮಾರಯ್ಯನ ಕಾಯಕ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು. ಒಂದು ದಿನ ಆತ ಎಂದಿಗಿಂತ ಜಾಸ್ತಿ ಅಕ್ಕಿ ತಂದ. ಲಕ್ಕಮ್ಮ ನೋಡಿದಳು. "ಈಸಕ್ಕಿಯಾಸೆ ನಿಮಗೇಕೆ? ಈಶ್ವರನೊಪ್ಪ" ಅಂದಳು. ಇಷ್ಟೊಂದು ಅಕ್ಕಿಯ ಆಸೆ ಯಾಕೆ, ಈಶ್ವರ ಒಪ್ಪುವುದಿಲ್ಲ ಅಂತ. ಸುರಿದು ಬಾ ಅಂತ ವಾಪಸ್ಸು ಕಳಿಸಿದಳು.

ಭಾಷಣದಲ್ಲಿ ಇದನ್ನು ಅಡುಗೆಮನೆಯ ಮಾತಾಗಿಯೇ ಹೇಳಿ. ಒಂದು ಕಡೆ ಸೆರಗಿನ ತುಂಬ ಅಕ್ಕಿ ತಂದು ಖುಷಿಯಲ್ಲಿರುವ ಗಂಡ. ಇನ್ನೊಂದು ಕಡೆ ದಿನಾ ಬೇಯಿಸಿ ಬೇಯಿಸಿ ಅಳತೆ ಗೊತ್ತಿರುವ ಹೆಂಡತಿ. ಆ ದಿನಕ್ಕೆ ಎಷ್ಟು ಬೇಕು ಅನ್ನುವುದು ಆಕೆಗೆ ಒಂದು ನೋಟಕ್ಕೆ ತಿಳಿಯಿತು. ಆ ಅಳತೆಯಿಂದಲೇ ಅಷ್ಟು ದೊಡ್ಡ ಮಾತು ಬಂತು. ನನಗೆ ಇದು ಯಾವ ಪದಕಕ್ಕಿಂತಲೂ ಹೆಚ್ಚು. ಭಾಷಣ ಹತ್ತು ನಿಮಿಷಕ್ಕೆ ಮುಗಿಸಿ, ಉಳಿದ ಹೊತ್ತಿನಲ್ಲಿ ಮಕ್ಕಳಿಗೆ ಒಂದೊಂದು ಹಾಳೆ ಕೊಡಿ. ಅವ್ವ ಅಥವಾ ಅಜ್ಜಿ ದಿನಾ ಹೇಳುವ ಒಂದು ಮಾತು ಬರೆಯಲಿ. ಓದಿಸಿ. ಎಷ್ಟು ನಗು ಬರುತ್ತದೆ ನೋಡಿ.

ಪ್ರಶ್ನೆ: ನನ್ನ ರೊಟ್ಟಿ ನೋಡಿ ಅತ್ತೆ ಬಂದವರ ಮುಂದೆ, "ನಮ್ಮ ಸೊಸಿ ರೊಟ್ಟಿ ನಾಕೂ ದಿಕ್ಕಿಗೆ ಹೊಂಟೈತಿ" ಅನ್ನುತ್ತಾರೆ. ಎಲ್ಲರೂ ನಗುತ್ತಾರೆ. ನಾನೂ ನಗಬೇಕಾ?
- ಯಲಬುರ್ಗಾ ಕಡೆಯ ಸೊಸೆ

ಉತ್ತರ: ನಗು ಬಾರದಿದ್ದರೆ ನಗಬೇಡವ್ವ. ಒಬ್ಬರ ತಲೆ ತಗ್ಗಿಸುವ ಮಾತನ್ನು ನಾನು ನಗೆ ಅಂತ ಒಪ್ಪುವುದಿಲ್ಲ. ಇಬ್ಬರೇ ಇದ್ದಾಗ ಅತ್ತೆಗೆ ಹೇಳು: "ಅತ್ತೀ, ನನಗ ಹೇಳ್ರಿ, ಮಂದಿ ಮುಂದ ಬ್ಯಾಡ." ಕೊಪ್ಪಳದ ಗವಿಮಠದ ಜಾತ್ರೆ ಬಂದಾಗ ದಾಸೋಹಕ್ಕೆ ಅಂತ ಊರೂರಲ್ಲಿ ಹೆಂಗಸರು ಕೂಡಿ ಜೋಳದ ರೊಟ್ಟಿ ಬಡಿಯುತ್ತಾರಲ್ಲ, ಅಂಥ ಕಡೆ ಒಮ್ಮೆ ನಾನೂ ಇದ್ದೆ. ಹೊಸ ಸೊಸೆಯೊಬ್ಬಳ ರೊಟ್ಟಿಯ ಅಂಚು ಹರಿದಿತ್ತು. ಹುಡುಗಿ ಅದನ್ನು ಸೆರಗಿನ ಹಿಂದೆ ಮುಚ್ಚಿಟ್ಟುಕೊಂಡಳು. ಹಂಚಿನ ಮುಂದೆ ಕೂತಿದ್ದ ಹಿರಿಯಾಕೆ ಕೈ ಚಾಚಿ ಅದನ್ನು ಈಸಿಕೊಂಡು, ಬೇಯಿಸಿ, ಕಟ್ಟಿನ ಮೇಲೆಯೇ ಇಟ್ಟಳು. "ಅಜ್ಜನ ಜಾತ್ರ್ಯಾಗ ಹಸಿದು ಕುಂತಾವ ಅಂಚು ನೋಡಂಗಿಲ್ಲ, ಮೊದಲ ಅದನ್ನಽ ಮುರೀತಾನ" ಅಂದಳು. ಹುಡುಗಿ ಎಲ್ಲರಿಗಿಂತ ಮೊದಲು ನಕ್ಕಳು. ನಿಮ್ಮ ಅತ್ತೆಗೆ ಈ ಕಥೆ ಓದಿ ಹೇಳು.

ಪ್ರಶ್ನೆ: ಮುಂದಿನ ವಾರ ನನ್ನ ಕುಬಸ, ಅಂದ್ರೆ ಸೀಮಂತ. ಗಂಡನ ಹೆಸರಿಗೆ ಒಡಪು ಹೇಳು ಅಂತ ಎಲ್ಲರೂ ಗಂಟು ಬೀಳುತ್ತಾರೆ. ನನಗೆ ಬರುವುದಿಲ್ಲ. ಈಗ ಮನೆಯಲ್ಲಿ ತಾಟು ತೊಳೆಯುವುದೂ ನಮ್ಮವರೇ, ಅವರ ಮೇಲೆ ಒಂದು ಕಟ್ಟಿಕೊಡಿ ಅಕ್ಕಾ.
- ಕುಷ್ಟಗಿಯ ಓದುಗಿ

ಉತ್ತರ: ಪತ್ರದಲ್ಲೂ ನಿಮ್ಮವರ ಹೆಸರು ಬರೆದಿಲ್ಲ ನೀವು! ಗಂಡನ ಹೆಸರನ್ನು ನೇರ ಹೇಳಬಾರದು ಅನ್ನುವ ಕಟ್ಟಿನೊಳಗೇ ನಮ್ಮ ಹೆಂಗಸರು ಒಡಪು, ಅಂದ್ರೆ ಹೆಸರನ್ನು ಪ್ರಾಸದಲ್ಲಿ ಸೇರಿಸಿ ಹೇಳುವ ಸಾಲು, ಕಟ್ಟಿದರು. ಹೆಸರು ಬರೀ ನೆಪ. ಅದರ ಬೆನ್ನಿಗೆ ಊರಿನ ಸುದ್ದಿ, ಮನೆಯ ದೂರು, ಪ್ರೀತಿ ಎಲ್ಲ ಸೇರಿಸಿ ಹಿರಿಯರ ಎದುರಿಗೇ ಹೇಳಿಬಿಡುತ್ತಾರೆ. ಯಾರೂ ಬೇಡ ಅನ್ನುವ ಹಾಗಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಗೆ, ಮಾನ್ವಿ ಕಡೆ, ನೀರು ಮುಟ್ಟುವುದೇ ಕಷ್ಟ. ಅಲ್ಲಿ ಒಂದು ಮದುವೆಯಲ್ಲಿ ಬಾಗಿಲು ಕಟ್ಟಿದ ಹುಡುಗಿಯರ ಮುಂದೆ ಮದುಮಗಳು ಹೇಳಿದ್ದು ಕೇಳಿ. ಹೆಸರನ್ನು ನಾನು ಬದಲಿಸಿದ್ದೇನೆ:

"ಮ್ಯಾಲಿನೂರ ಗದ್ದ್ಯಾಗ ನೀರು, ಕೆಳಗಿನೂರ ಕಣ್ಣಾಗ ನೀರು,
ಬಸವರಾಜರ ಹೆಸರು ಕೇಳೋರು ಮೊದಲ ಕೊಡ್ರಿ ಕುಡಿಯಾಕ ನೀರು."

ಹುಡುಗಿಯರು ನಕ್ಕು ದಾರಿ ಬಿಟ್ಟರು. ಚಪ್ಪರದಲ್ಲಿದ್ದ ರೈತರು ಮಾತ್ರ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಾಲುವೆಯ ಆ ಸಂಕಟ ಎರಡು ಸಾಲಿನಲ್ಲಿ ಬಂದಿತ್ತು, ಅದೂ ಮದುವೆ ಮನೆಯಲ್ಲಿ.

ನಿಮ್ಮದಕ್ಕೆ ನಿಮ್ಮ ಊರನ್ನೇ ಹಿಡಿಯೋಣ. ನಿಮ್ಮ ಕಡೆ ದಾಳಿಂಬೆ ತೋಟ ಇವೆ. ಮನೆಯಲ್ಲಿ ಈಗ ತಾಟು ತೊಳೆಯುವುದು ಅವರೇ ಅಂತ ನೀವೇ ಬರೆದಿದ್ದೀರಿ.

"ದಾಳಿಂಬಿ ಒಡದರ ಸಾಲು ಸಾಲು ಕೆಂಪ ಕಾಳು,
ನಮ್ಮವರು ತೊಳದ ತಾಟಿಗೆ ಇನ್ನೂ ಅಂಟ್ಯಾವ ನಾಕು ಅನ್ನದ ಅಗಳು."

'ನಮ್ಮವರು' ಅನ್ನುವ ಕಡೆ ಅವರ ಹೆಸರು ಕೂಡಿಸಿಕೊಳ್ಳಿ. ಹಿಂದಿನ ರಾತ್ರಿಯೇ ಅವರಿಗೆ ಹೇಳಿ ತೋರಿಸಿ. ಮಂದಿಯ ಮುಂದೆ ಬೇಡ ಅಂದರೆ ಎರಡನೇ ಸಾಲನ್ನು ಇಬ್ಬರೂ ಕೂತು ಬೇರೆ ಕಟ್ಟಿ. ಕುಬಸದ ದಿನ ನಿಮ್ಮ ಸರದಿ ಮುಗಿದ ಮೇಲೆ ನಿಮ್ಮ ಅತ್ತೆಯನ್ನೂ, ಅಜ್ಜಿ ಇದ್ದರೆ ಅಜ್ಜಿಯನ್ನೂ ಹಿಡಿದು ಕೂರಿಸಿ ಹೇಳಿಸಿ. ಯಾರಾದರೂ ಒಬ್ಬರು ಬರೆದುಕೊಳ್ಳಲಿ. ಅವುಗಳನ್ನು ನನಗೆ ಕಳಿಸಿ, ಅವರು ಒಪ್ಪಿದರೆ ಮುಂದಿನ ಸಂಚಿಕೆಯಲ್ಲಿ ಹಾಕೋಣ.