ಐದು ವರ್ಷದ ಕುರ್ಚಿಗೆ ಸಹಿ ಹಾಕುವ ಮೊದಲು

ಪ್ರಿಯ ಸುಹಾಸ,

ನಿನ್ನ ಪತ್ರ ಓದಿದೆ. ಅಣ್ಣ ಎಂದು ಕರೆದಿದ್ದೀಯ, ಹಾಗಾಗಿ ನಾನೂ ಸಲಿಗೆಯಿಂದಲೇ ಬರೆಯುತ್ತೇನೆ. ನೀನು ಕ್ಯಾಲಿಫೋರ್ನಿಯಾದ ಬೇ ಏರಿಯಾಕ್ಕೆ ಬಂದು ಎರಡು ವರ್ಷ ತುಂಬಿಲ್ಲ. ಕೆಲಸ ಸನ್ನಿವೇಲ್‌ನಲ್ಲಿ, ವೀಸಾ ಎಚ್-1ಬಿ, ಮನೆಯಲ್ಲಿ ಮೂರು ವರ್ಷದ ಮಗಳು. ಕಚೇರಿಯ ಹಿರಿಯ ಸಹೋದ್ಯೋಗಿಯೊಬ್ಬರು ಸ್ಯಾನ್ ಫ್ರಾನ್ಸಿಸ್ಕೋದ ಚೇಸ್ ಸೆಂಟರ್‌ನಲ್ಲಿ ನಡೆಯುವ ವಾರಿಯರ್ಸ್ ಬ್ಯಾಸ್ಕೆಟ್‌ಬಾಲ್ ಪಂದ್ಯಗಳಿಗೆ ಲಾಂಜ್ ಸೌಲಭ್ಯವಿರುವ ದುಬಾರಿ ಆಸನಗಳನ್ನು ಐದು ವರ್ಷಗಳಿಗೆ ಹಿಡಿಯಲು ಹೊರಟಿದ್ದಾರೆ, ನಿನ್ನನ್ನೂ ಪಾಲಿಗೆ ಕರೆದಿದ್ದಾರೆ. ಹೋಗಲಾಗದ ಪಂದ್ಯಗಳನ್ನು ಮಾರಿದರೆ ಹಾಕಿದ ಹಣ ಬಹುಪಾಲು ವಾಪಸ್ ಬರುತ್ತದಂತೆ, ದೊಡ್ಡವರ ಪರಿಚಯವೂ ಆಗುತ್ತದಂತೆ. ಸೇರಲೇ, ಬೇಡವೇ ಎಂದು ಕೇಳಿದ್ದೀಯ.

ಅಡ್ಡಗೋಡೆಯ ಮೇಲೆ ದೀಪವಿಡುವ ಅಭ್ಯಾಸ ನನಗಿಲ್ಲ. ಈಗ ಸೇರಬೇಡ. ಆಟ ನೋಡಲು ಮಾತ್ರ ಖಂಡಿತ ಹೋಗು. ಇವೆರಡು ಬೇರೆ ಬೇರೆ ವಿಷಯ ಎನ್ನುವುದನ್ನು ಆ ಸಹೋದ್ಯೋಗಿ ನಿನಗೆ ಹೇಳಿದಂತಿಲ್ಲ.

ನಿನ್ನ ವೀಸಾದಿಂದಲೇ ಶುರು ಮಾಡೋಣ. ಎಚ್-1ಬಿ ಸಾಮಾನ್ಯವಾಗಿ ಒಮ್ಮೆಗೆ ಮೂರು ವರ್ಷದವರೆಗೆ ಸಿಗುತ್ತದೆ, ವಿಸ್ತರಿಸಿದರೆ ಒಟ್ಟು ಆರು. ಅದರಾಚೆಗೆ ಉಳಿಯಬೇಕೆಂದರೆ ಗ್ರೀನ್ ಕಾರ್ಡ್ ಪ್ರಕ್ರಿಯೆ ಒಂದು ಹಂತಕ್ಕೆ ಬಂದಿರಬೇಕು. ಕೆಲಸ ಹೋದರೆ ಹೊಸ ಕೆಲಸ ಹುಡುಕಲು ಇರುವ ಗಡುವು ಹೆಚ್ಚೆಂದರೆ 60 ದಿನ. ಐದು ವರ್ಷದ ಒಪ್ಪಂದಕ್ಕೆ ಈ ಲೆಕ್ಕ ಯಾವುದೂ ಗೊತ್ತಿಲ್ಲ. ನೀನು ಕೆಲಸ ಬದಲಾಗಿ ಟೆಕ್ಸಾಸ್‌ನ ಆಸ್ಟಿನ್‌ಗೆ ಹೋದರೂ, ಅಪ್ಪನಿಗೆ ಹುಷಾರಿಲ್ಲವೆಂದು ಊರಿಗೆ ಮರಳಿದರೂ ಕಂತು ಬಂದೇ ಬರುತ್ತದೆ. ಬಾಡಿಗೆ ಮನೆಯ ಕರಾರನ್ನೇ ಒಂದು ವರ್ಷಕ್ಕಿಂತ ಹೆಚ್ಚಿಗೆ ಮಾಡಲು ಹಿಂಜರಿಯುವ ನಾವು ಕುರ್ಚಿಯೊಂದಕ್ಕೆ ಐದು ವರ್ಷ ಬರೆದುಕೊಡುವುದು ವಿಚಿತ್ರವಲ್ಲವೇ?

ಒಪ್ಪಂದ ಯಾರ ಹೆಸರಿನಲ್ಲಿರುತ್ತದೆ ಎಂದು ಕೇಳಿದ್ದೀಯಾ? ಇಂಥ ಕಡೆ ಸಾಮಾನ್ಯವಾಗಿ ಖಾತೆ ಒಬ್ಬರದು, ಉಳಿದವರದು ಬಾಯಿಮಾತು. ಖಾತೆ ಅವರದಾದರೆ ಒಳ್ಳೆಯ ಆಸನ, ಕೊನೆಯ ಹಂತದ ಪ್ಲೇಆಫ್ ಪಂದ್ಯಗಳ ಟಿಕೆಟ್, ನವೀಕರಣದ ಹಕ್ಕು ಎಲ್ಲವೂ ಅವರದೇ. ಖಾತೆ ನಿನ್ನದಾದರೆ ಉಳಿದವರು ಕೈ ಎತ್ತಿದ ದಿನ ಪೂರ್ತಿ ಸಾಲ ನಿನ್ನದು. ಇಲ್ಲಿ ಕ್ರೆಡಿಟ್ ಇತಿಹಾಸವನ್ನು ಈಗಷ್ಟೇ ಕಟ್ಟಿಕೊಳ್ಳುತ್ತಿರುವವನಿಗೆ ಎರಡನೆಯದು ಸಣ್ಣ ಅಪಾಯವಲ್ಲ.

ಕಾಗದ ಕೈಗೆ ಬಂದರೆ ಅದು ಯಾವ ಜಾತಿಯದು ಎಂದು ಮೊದಲು ನೋಡು. ಸಾಂಟಾ ಕ್ಲಾರಾದ ಲಿವೈಸ್ ಕ್ರೀಡಾಂಗಣ 2014ರಲ್ಲಿ ಶುರುವಾದಾಗ ಅಮೆರಿಕನ್ ಫುಟ್‌ಬಾಲ್ ತಂಡ ಫಾರ್ಟಿನೈನರ್ಸ್‌ನ ಅಭಿಮಾನಿಗಳು ಕಟ್ಟಿದ್ದು ಆಸನದ ಲೈಸೆನ್ಸ್ ಹಣ. ಅದು ಪ್ರತಿವರ್ಷ ಟಿಕೆಟ್ ಕೊಳ್ಳುವ ಹಕ್ಕು ಮಾತ್ರ, ಟಿಕೆಟ್‌ನ ಹಣ ಬೇರೆ. ಒಂದು ವರ್ಷ ಕೊಳ್ಳದೆ ಬಿಟ್ಟರೆ ಆ ಹಕ್ಕಿಗೇ ಸಂಚಕಾರ. 2019ರಲ್ಲಿ ತೆರೆದ ಚೇಸ್ ಸೆಂಟರ್‌ಗೆ ವಾರಿಯರ್ಸ್ ತಂದ ಸದಸ್ಯತ್ವ ಇನ್ನೊಂದು ಬಗೆ: ಒಮ್ಮೆ ಶುಲ್ಕ ಕಟ್ಟಿದರೆ 30 ವರ್ಷ ಟಿಕೆಟ್ ಕೊಳ್ಳುವ ಹಕ್ಕು, ಅವಧಿ ಮುಗಿದ ಮೇಲೆ ಶುಲ್ಕ ಬಡ್ಡಿಯಿಲ್ಲದೆ ವಾಪಸ್. ಕೇಳಲು ಚೆನ್ನಾಗಿದೆ. ಆದರೆ ವರ್ಷಕ್ಕೆ ಶೇಕಡಾ 3ರಂತೆ ಬೆಲೆ ಏರಿದರೂ 30 ವರ್ಷದ ನಂತರ ಕೈಗೆ ಬರುವ 100 ಡಾಲರ್‌ಗೆ ಇಂದಿನ 41 ಡಾಲರ್‌ನಷ್ಟೇ ಬೆಲೆ. ಮೂರನೆಯದು ನಿನ್ನ ಮುಂದಿರುವಂಥದ್ದು. ಇಷ್ಟು ವರ್ಷ, ವರ್ಷಕ್ಕೆ ಇಷ್ಟು ಎಂದು ನೇರವಾಗಿ ಕಟ್ಟಿಹಾಕುವ ಒಪ್ಪಂದ. ಇದರಲ್ಲಿ ವಾರ್ಷಿಕ ಏರಿಕೆಯ ಸಾಲೊಂದು ಇರಬಹುದು, ಹುಡುಕು. ಶೇಕಡಾ 5 ಎಂದಿದ್ದರೆ ಐದನೆಯ ವರ್ಷ ನೀನು ಕಟ್ಟುವುದು ಮೊದಲ ವರ್ಷಕ್ಕಿಂತ ಶೇಕಡಾ 21ಕ್ಕೂ ಹೆಚ್ಚು. ಸಂಬಳ ಹಾಗೆಯೇ ಏರುತ್ತದೆ ಎಂದು ಯಾರೂ ಬರೆದುಕೊಟ್ಟಿಲ್ಲ.

ಇನ್ನು ಮಾರಿ ಹಣ ವಾಪಸ್ ಪಡೆಯುವ ಮಾತು. ಇದನ್ನು ನಾನು ಕೇಳದ ವರ್ಷವಿಲ್ಲ. ಹೇಳುವವರು ಸುಳ್ಳು ಹೇಳುವುದಿಲ್ಲ, ಒಳ್ಳೆಯ ವರ್ಷದ ಲೆಕ್ಕವನ್ನು ಮಾತ್ರ ಹೇಳುತ್ತಾರೆ. ವಾರಿಯರ್ಸ್ 2015ರಿಂದ 2019ರವರೆಗೆ ಸತತ ಐದು ವರ್ಷ ಫೈನಲ್ ಆಡಿತು, ಮೂರು ಬಾರಿ ಗೆದ್ದಿತು. ಆ ಕಾಲದ ಮರುಮಾರಾಟದ ಬೆಲೆ ನೋಡಿ ಕೂಸು ಹುಟ್ಟುವ ಮುಂಚೆಯೇ ಕುಲಾವಿ ಹೊಲಿಸಿದವರು ಬಹಳ ಜನ. ಹೊಸ ಅರಮನೆಯಂಥ ಚೇಸ್ ಸೆಂಟರ್‌ಗೆ ತಂಡ ಕಾಲಿಟ್ಟ ಮೊದಲ ಋತುವಿನಲ್ಲೇ (ಅಂದರೆ ಒಂದು ವರ್ಷದ ಪಂದ್ಯಾವಳಿಯಲ್ಲೇ) ಅದರ ತಾರೆಗಳಲ್ಲಿ ಕೆವಿನ್ ಡ್ಯುರಾಂಟ್ ಇರಲಿಲ್ಲ, ಕ್ಲೇ ಥಾಂಪ್ಸನ್ ಮಂಡಿಯ ಗಾಯದಿಂದ ಆಡಲೇ ಇಲ್ಲ, ಸ್ಟೆಫ್ ಕರ್ರಿಯ ಕೈ ಮುರಿಯಿತು. ತಂಡ 15 ಗೆದ್ದು 50 ಸೋತಿತು. ಇಡೀ ಲೀಗ್‌ನಲ್ಲಿ ಅದಕ್ಕಿಂತ ಕೆಟ್ಟ ದಾಖಲೆ ಇನ್ನೊಂದಿರಲಿಲ್ಲ. ಅದೂ ಸಾಲದೆಂಬಂತೆ 2020ರ ಮಾರ್ಚ್‌ನಲ್ಲಿ ಕೊರೊನಾದಿಂದ ಪಂದ್ಯಗಳೇ ನಿಂತವು. 2022ರಲ್ಲಿ ಅದೇ ತಂಡ ಮತ್ತೆ ಚಾಂಪಿಯನ್ ಆಯಿತು, ಅದು ನಿಜ. ಆದರೆ ಐದು ವರ್ಷದ ಕಾಗದಕ್ಕೆ ಸಹಿ ಹಾಕುವವನಿಗೆ ಇದರಲ್ಲಿ ಯಾವ ವರ್ಷ ಸಿಗುತ್ತದೆ ಎಂದು ತಂಡದ ಕೋಚ್‌ಗೂ ಗೊತ್ತಿರುವುದಿಲ್ಲ.

ಒಳ್ಳೆಯ ವರ್ಷದಲ್ಲೂ ಒಂದು ತೊಡಕಿದೆ. ತವರಿನಲ್ಲಿ ಋತುವಿಗೆ 41 ಪಂದ್ಯ. ಅವುಗಳಲ್ಲಿ ಒಳ್ಳೆಯ ಬೆಲೆಗೆ ಹೋಗುವುದು ಲೇಕರ್ಸ್, ಸೆಲ್ಟಿಕ್ಸ್‌ನಂಥ ಹೆಸರಾಂತ ತಂಡ ಬಂದಾಗ, ಶನಿವಾರ ರಾತ್ರಿ, ರಜೆಯ ದಿನ. ನಿನಗೆ ಹೋಗಬೇಕೆನಿಸುವುದೂ ಅವಕ್ಕೇ. ಅವನ್ನು ನೋಡಿಬಿಟ್ಟರೆ ಮಾರಲು ಉಳಿಯುವುದು ಮಂಗಳವಾರದ ಸಂಜೆ, ಕೆಳಗಿನ ಸ್ಥಾನದ ತಂಡ. ಅಂಥ ಟಿಕೆಟ್ ಕೊಂಡ ಬೆಲೆಗಿಂತ ಕಡಿಮೆಗೆ ಹೋಗುತ್ತದೆ, ಅದರಲ್ಲೂ ಮಾರಾಟದ ತಾಣ ತನ್ನ ಪಾಲು ಕತ್ತರಿಸಿಕೊಳ್ಳುತ್ತದೆ. ಲಾಭ ಬಂದರೆ ಆದಾಯ ತೆರಿಗೆಗೆ ತೋರಿಸಬೇಕು. ಸ್ವಂತಕ್ಕೆ ಕೊಂಡ ಟಿಕೆಟ್‌ನಲ್ಲಿ ನಷ್ಟವಾದರೆ ಅದನ್ನು ಕಳೆಯಲು ಬಿಡುವುದಿಲ್ಲ. ಬದಿಯಲ್ಲಿ ಕನ್ಸಲ್ಟಿಂಗ್ ಮಾಡುವ ಯಾರಾದರೂ ‘ವ್ಯವಹಾರದ ಖರ್ಚೆಂದು ತೋರಿಸಿಬಿಡು’ ಎಂದರೆ ಕಿವಿಗೊಡಬೇಡ. 2018ರಿಂದ ಮನರಂಜನೆಯ ಖರ್ಚಿಗೆ ಆ ರಿಯಾಯಿತಿ ಇಲ್ಲ.

ತಂಡ ಎಲ್ಲಿಗೆ ಹೋಗುತ್ತದೆ, ಇಲ್ಲೇ ಇರುತ್ತದಲ್ಲ ಎಂದು ನಿನಗನ್ನಿಸಬಹುದು. ಚಿನ್ನಸ್ವಾಮಿ ಕ್ರೀಡಾಂಗಣದ ಊರಿನಿಂದ ಬಂದವರಿಗೆ ಹಾಗೆನ್ನಿಸುವುದು ಸಹಜ. ಇಲ್ಲಿ ತಂಡಕ್ಕೆ ಒಡೆಯರಿದ್ದಾರೆ, ಲೆಕ್ಕ ಸರಿಹೊಂದದಿದ್ದರೆ ಗಂಟುಮೂಟೆ ಕಟ್ಟುತ್ತಾರೆ. ನಮ್ಮ ಪಕ್ಕದ ಓಕ್ಲ್ಯಾಂಡನ್ನೇ ನೋಡು. 2019ರಲ್ಲಿ ವಾರಿಯರ್ಸ್ ಕೊಲ್ಲಿ ದಾಟಿ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಯಿತು, 2020ರಲ್ಲಿ ಫುಟ್‌ಬಾಲ್‌ನ ರೈಡರ್ಸ್ ಲಾಸ್ ವೇಗಸ್‌ಗೆ, 2024ರ ಋತು ಮುಗಿಸಿ ಬೇಸ್‌ಬಾಲ್‌ನ ಅಥ್ಲೆಟಿಕ್ಸ್ ಸ್ಯಾಕ್ರಮೆಂಟೊಗೆ. ಮೂರು ದೊಡ್ಡ ತಂಡಗಳಿದ್ದ ಊರಿನಲ್ಲಿ ಒಂದೂ ಉಳಿಯಲಿಲ್ಲ. ಸೇಂಟ್ ಲೂಯಿಸ್‌ನ ಕತೆ ಇನ್ನೂ ಖಾರ: ಅಲ್ಲಿನ ಫುಟ್‌ಬಾಲ್ ತಂಡ ರ‍್ಯಾಮ್ಸ್ 2016ರಲ್ಲಿ ಲಾಸ್ ಏಂಜಲೀಸ್‌ಗೆ ಹೊರಟಾಗ ಆಸನದ ಲೈಸೆನ್ಸ್ ಕೊಂಡವರ ಅವಧಿ ಇನ್ನೂ ಬಾಕಿಯಿತ್ತು. ಅವರು ನ್ಯಾಯಾಲಯದ ಮೆಟ್ಟಿಲು ಹತ್ತಿದರು, ಕೊನೆಗೆ ಅದು ರಾಜಿಯಲ್ಲಿ ಮುಗಿಯಿತು.

(ಖಾಲಿಯಾದ ಆ ಓಕ್ಲ್ಯಾಂಡ್ ಬೇಸ್‌ಬಾಲ್ ಅಂಗಳದಲ್ಲೇ 2025ರ ಜೂನ್‌ನಲ್ಲಿ ಕ್ರಿಕೆಟ್ ನಡೆಯಿತು. ಸ್ಯಾನ್ ಫ್ರಾನ್ಸಿಸ್ಕೋ ಯುನಿಕಾರ್ನ್ಸ್ ಪರ ಫಿನ್ ಆಲೆನ್ 51 ಎಸೆತಗಳಲ್ಲಿ 151 ಹೊಡೆದ, ಅದರಲ್ಲಿ 19 ಸಿಕ್ಸರ್. ಇಂಥದ್ದಕ್ಕೆ ಯಾವ ಒಪ್ಪಂದವೂ ಬೇಕಾಗಲಿಲ್ಲ, ಒಂದು ದಿನದ ಟಿಕೆಟ್ ಸಾಕಾಯಿತು.)

ದುಡ್ಡಿಗಿಂತ ಹೆಚ್ಚಾಗಿ ನಾನು ಕೇಳಬೇಕೆಂದಿರುವುದು ನಿನ್ನ ಸಂಜೆಗಳ ಬಗ್ಗೆ. ವಾರದ ದಿನ ಪಂದ್ಯ ಸಾಮಾನ್ಯವಾಗಿ ಏಳಕ್ಕೆ ಶುರು. ನೀನು ಸನ್ನಿವೇಲ್‌ನಿಂದ ಐದಕ್ಕೇ ಕ್ಯಾಲ್‌ಟ್ರೇನ್ ಹತ್ತಬೇಕು, ಕೊನೆಯ ನಿಲ್ದಾಣದಲ್ಲಿ ಇಳಿದು ಟಿ ಮಾರ್ಗದ ಟ್ರಾಮ್ ಹಿಡಿಯಬೇಕು (ಪಂದ್ಯದ ಟಿಕೆಟ್ ತೋರಿಸಿದರೆ ಅದರ ಪ್ರಯಾಣ ಉಚಿತ, ಇದು ಬಹಳ ಜನರಿಗೆ ಗೊತ್ತಿಲ್ಲ). ಆಟ ಮುಗಿಯುವುದು ಒಂಬತ್ತೂವರೆಗೆ, ನೀನು ಮನೆ ಸೇರುವುದು ಹನ್ನೊಂದರ ಮೇಲೆ. ಮೂರು ವರ್ಷದ ಮಗು ಇರುವ ಮನೆಯಲ್ಲಿ, ಅಜ್ಜ ಅಜ್ಜಿ ಹತ್ತಿರವಿಲ್ಲದ ಊರಿನಲ್ಲಿ, ಆ ಹೊತ್ತು ಯಾರ ಲೆಕ್ಕದಿಂದ ಹೋಗುತ್ತದೆ? ನಿನ್ನ ಪತ್ರದಲ್ಲಿ ನಿನ್ನ ಹೆಂಡತಿಯ ಅಭಿಪ್ರಾಯ ಎಲ್ಲೂ ಇರಲಿಲ್ಲ. ನಾನು ಮೊದಲು ಗಮನಿಸಿದ್ದು ಅದನ್ನೇ. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗಿನ ಈ ಋತುವಿನಲ್ಲೇ ದೀಪಾವಳಿ ಬರುತ್ತದೆ, ರಾಜ್ಯೋತ್ಸವದ ಕಾರ್ಯಕ್ರಮ ಬರುತ್ತದೆ, ಡಿಸೆಂಬರ್‌ನಲ್ಲಿ ಊರಿಗೆ ಹೋಗುವ ಟಿಕೆಟ್ಟೂ ಬರುತ್ತದೆ. ನೀವು ಮೂರು ವಾರ ಮೈಸೂರಿನಲ್ಲಿದ್ದರೆ ಆ ಮೂರು ವಾರದ ಕುರ್ಚಿಗೂ ನೀನೇ ಹಣ ಕೊಟ್ಟಿರುತ್ತೀಯ.

ಹಂಚಿಕೊಂಡು ನೋಡುವುದು ತಪ್ಪಲ್ಲ, ನಾವೂ ಮಾಡುತ್ತೇವೆ. ಫ್ರೀಮಾಂಟ್‌ನಲ್ಲಿ ನಾಲ್ಕು ಮನೆಯವರು ಸೇರಿ ಹಿರಿಯ ಗೆಳೆಯರೊಬ್ಬರ ಖಾತೆಯಲ್ಲಿ ಮೇಲಂತಸ್ತಿನ ಎರಡು ಸಾಧಾರಣ ಆಸನ ಹಿಡಿದಿದ್ದೇವೆ, ವರ್ಷ ವರ್ಷಕ್ಕೆ ಮಾತ್ರ. ಆಗಸ್ಟ್‌ನಲ್ಲಿ ವೇಳಾಪಟ್ಟಿ ಬಂದ ಮೇಲೆ ಒಂದು ಭಾನುವಾರ ಅವರ ಮನೆಯ ಊಟದ ಮೇಜಿನ ಸುತ್ತ ಸೇರುತ್ತೇವೆ. ಮೊದಲು ಎಲ್ಲರೂ ಹಣ ಕಳಿಸಿರಬೇಕು, ಕಳಿಸದವರಿಗೆ ಚೀಟಿ ಇಲ್ಲ. ಸ್ಟೀಲ್ ಡಬ್ಬಿಯೊಂದರಿಂದ ಚೀಟಿ ಎತ್ತಿ ಸರದಿ ಗೊತ್ತುಮಾಡುತ್ತೇವೆ. ಮೊದಲ ಸುತ್ತಿನಲ್ಲಿ ಒಂದರಿಂದ ನಾಲ್ಕು, ಎರಡನೆಯದರಲ್ಲಿ ನಾಲ್ಕರಿಂದ ಒಂದು, ಹೀಗೆ ಹಿಂದೆ ಮುಂದೆ. ಹಾಗಾಗಿ ಲೇಕರ್ಸ್ ಪಂದ್ಯ ಎತ್ತಿಕೊಂಡವನು ಮತ್ತೆ ತನ್ನ ಸರದಿ ಬರುವವರೆಗೆ ತಾನು ಗುರುತು ಹಾಕಿದ್ದ ಪಂದ್ಯಗಳು ಒಂದೊಂದಾಗಿ ಕೈತಪ್ಪುವುದನ್ನು ನೋಡುತ್ತಾ ಕೂರಬೇಕು. ಮೊದಲ ಮೂರು ಸುತ್ತು ಬಹಳ ಬಿಸಿ. ಕೊನೆಕೊನೆಗೆ ಬುಧವಾರದ ಪಂದ್ಯಗಳನ್ನು ‘ನಿಮಗಿರಲಿ’, ‘ಇಲ್ಲ, ನಿಮಗೇ ಇರಲಿ’ ಎಂದು ಮದುವೆ ಮನೆಯ ಹೋಳಿಗೆಯಂತೆ ಒತ್ತಾಯಿಸುತ್ತಾ ದಾಟಿಸುತ್ತೇವೆ. ನಲವತ್ತೊಂದನ್ನು ನಾಲ್ಕರಿಂದ ಭಾಗಿಸಿದರೆ ಒಂದು ಉಳಿಯುತ್ತದೆ. ಅದು ವರ್ಷವಿಡೀ ಲೆಕ್ಕ ಬರೆಯುವ ಗೆಳೆಯರಿಗೆ ಸಂಬಳ.

ನಿಯಮಗಳನ್ನು ಒಂದು ಹಾಳೆಯಲ್ಲಿ ಬರೆದು ನಾಲ್ವರೂ ಸಹಿ ಹಾಕಿದ್ದೇವೆ. ಹೋಗಲಾಗದಿದ್ದರೆ ಬದಲಿ ಜನರನ್ನು ಅವರೇ ಹುಡುಕಬೇಕು, ಗುಂಪಿನವರಿಗೆ ಕೊಟ್ಟರೆ ಕೊಂಡ ಬೆಲೆಗೇ ಕೊಡಬೇಕು. ಪ್ಲೇಆಫ್‌ಗೆ ಬೇರೆ ಚೀಟಿ. ಒಬ್ಬರು ಕೆಲಸ ಬದಲಾಗಿ ಟೆಕ್ಸಾಸ್‌ಗೆ ಹೊರಟಾಗ ಯಾರಿಗೂ ಮುಖ ಕೆಡಲಿಲ್ಲ. ಏಪ್ರಿಲ್‌ಗೆ ಅವರ ಪಾಲು ಮುಗಿಯಿತು, ಮುಂದಿನ ಆಗಸ್ಟ್‌ಗೆ ಬೇರೊಬ್ಬರು ಬಂದರು. ಐದು ವರ್ಷದ ಒಪ್ಪಂದವಾಗಿದ್ದರೆ ಆ ಸ್ನೇಹ ಉಳಿಯುತ್ತಿತ್ತು ಎಂದು ಪ್ರಮಾಣ ಮಾಡಿ ಹೇಳಲಾರೆ.

ಪರಿಚಯ, ಸಂಪರ್ಕ ಎಂಬ ಆಸೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಲಾಂಜ್‌ನಲ್ಲಿ ಬರುವವರು ತಮ್ಮ ಜೊತೆಗಾರರೊಂದಿಗೆ ಬಂದಿರುತ್ತಾರೆ, ಹೊಸಬರನ್ನು ಹುಡುಕಿಕೊಂಡಲ್ಲ. ಸೋಮವಾರ ಕಚೇರಿಯಲ್ಲಿ ಮಾತಿಗೆ ಕೂರಲು ಟಿವಿಯಲ್ಲಿ ನೋಡಿದರೂ ನಡೆಯುತ್ತದೆ. ಲೀಗ್ ಪಾಸ್ ಎಂಬ ಚಂದಾಕ್ಕೆ ಮಾತ್ರ ಹಣ ಹಾಕಬೇಡ, ನಾವಿರುವ ಪ್ರದೇಶದಲ್ಲಿ ವಾರಿಯರ್ಸ್ ಪಂದ್ಯಗಳನ್ನು ಅದು ನೇರವಾಗಿ ತೋರಿಸುವುದಿಲ್ಲ.

ಮಗಳಿಗೆ ಆಟ ತೋರಿಸುವ ಆಸೆಯಿದ್ದರೆ ಅದಕ್ಕೆ ಬೇರೆ ದಾರಿಗಳಿವೆ. ಸಾಂಟಾ ಕ್ರೂಜ್‌ನಲ್ಲಿ ವಾರಿಯರ್ಸ್‌ನ ಕಿರಿಯ ತಂಡ ಆಡುತ್ತದೆ. ಸಣ್ಣ ಅಂಗಳ, ಆಟಗಾರನ ಬೂಟಿನ ಕಿರುಚಾಟ ಕೇಳುವಷ್ಟು ಹತ್ತಿರ, ಬೆಲೆಯೂ ಕೈಗೆಟುಕುತ್ತದೆ. ಚೇಸ್ ಸೆಂಟರ್ ಒಳಗೇ ಹೋಗಬೇಕೆಂದರೆ ಮಹಿಳೆಯರ ತಂಡ ವಾಲ್ಕಿರೀಸ್ ಇದೆ. 2025ರಲ್ಲಿ ಹುಟ್ಟಿದ ತಂಡ, ಮೊದಲ ಋತುವಿನ ತವರಿನ ಪಂದ್ಯಗಳಿಗೆಲ್ಲ ಟಿಕೆಟ್ ಪೂರ್ತಿ ಖಾಲಿ. ಅವರದು ಬೇಸಿಗೆಯ ಋತು, ಸಂಜೆ ಬೆಳಕು ತಡವಾಗಿ ಹೋಗುತ್ತದೆ, ಕಿರಿಯ ಹುಡುಗಿಯರು ತಂಡದ ಅಂಗಿ ತೊಟ್ಟು ಬರುತ್ತಾರೆ. ಲಿವೈಸ್‌ಗೆ ಹೋದರೆ ಸೆಪ್ಟೆಂಬರ್‌ನ ಮಧ್ಯಾಹ್ನದ ಪಂದ್ಯಕ್ಕೆ ಪೂರ್ವದ ಕಡೆಯ ಆಸನ ಮಾತ್ರ ಕೊಳ್ಳಬೇಡ. ಪಶ್ಚಿಮದ ಸೂರ್ಯ ನೇರ ಮುಖಕ್ಕೆ ಹೊಡೆಯುತ್ತಾನೆ, ಮಗುವನ್ನು ಎರಡನೇ ಭಾಗದವರೆಗೆ ಕೂರಿಸುವುದು ಅಸಾಧ್ಯ.

ಮುಂದೆ ಯಾವಾಗಲಾದರೂ ಇಂಥ ಒಪ್ಪಂದಕ್ಕೆ ಕೈ ಹಾಕಬಾರದೇ? ಹಾಕಬಹುದು. ಗ್ರೀನ್ ಕಾರ್ಡ್ ಕೈಗೆ ಬಂದು, ಇದೇ ಬೇ ಏರಿಯಾದಲ್ಲಿ ಇರುತ್ತೇವೆ ಎಂದು ಮನೆಯವರೆಲ್ಲ ಒಪ್ಪಿ, ಎರಡು ಋತು ಬಿಡಿ ಟಿಕೆಟ್‌ನಲ್ಲಿ ನೋಡಿಯೂ ಆಸೆ ತೀರದಿದ್ದರೆ ಆಗ ಕೇಳು. ಆಗಲೂ ಕಾಗದದಲ್ಲಿ ಮೂರು ಸಾಲು ಹುಡುಕು ಎನ್ನುತ್ತೇನೆ: ಬೇರೆಯವರಿಗೆ ವರ್ಗಾಯಿಸಬಹುದೇ, ಮಧ್ಯದಲ್ಲಿ ಬಿಟ್ಟರೆ ದಂಡ ಎಷ್ಟು, ಪಂದ್ಯ ರದ್ದಾದರೆ ಹಣ ವಾಪಸ್ಸೋ ಅಥವಾ ಮುಂದಿನ ವರ್ಷಕ್ಕೆ ಜಮೆಯೋ. ಮಾರಾಟಗಾರ ಫೋನಿನಲ್ಲಿ ಹೇಳಿದ್ದಕ್ಕೆ ಬೆಲೆಯಿಲ್ಲ, ಕಾಗದದಲ್ಲಿರಬೇಕು.

ಆ ಸಹೋದ್ಯೋಗಿಗೆ ಹೇಗೆ ಹೇಳುವುದು ಎಂಬ ಸಂಕೋಚ ನಿನಗಿದ್ದೇ ಇರುತ್ತದೆ. ವೀಸಾದ ವಿಷಯ ತೆಗೆದು ಅಂಗಲಾಚಬೇಡ, ಮುಂದಿನ ವರ್ಷ ನೋಡೋಣ ಎಂದು ಆಸೆಯನ್ನೂ ಹುಟ್ಟಿಸಬೇಡ. ಪಾಲು ಬೇಡ, ಆದರೆ ಈ ಋತುವಿನಲ್ಲಿ ನಿಮ್ಮ ಆಸನಗಳಲ್ಲಿ ಮೂರು ಪಂದ್ಯಗಳನ್ನು ನೀವು ಕೊಂಡ ಬೆಲೆಗೇ ನಾನು ತೆಗೆದುಕೊಳ್ಳುತ್ತೇನೆ, ಹಣ ಮುಂಗಡ ಕೊಡುತ್ತೇನೆ ಎನ್ನು. ಅದರಲ್ಲಿ ಒಂದು ಅವರಿಗೆ ಬೇಡವಾದ ಮಂಗಳವಾರದ್ದಿರಲಿ. ಬೇಡವೆನ್ನುವ ಸೀಸನ್ ಟಿಕೆಟ್‌ದಾರನನ್ನು ನಾನಿನ್ನೂ ಕಂಡಿಲ್ಲ.